ಎರಡು ದಿನದ ಕ್ಯಾನ್ಸರ್ ತರಬೇತಿಯಲ್ಲಿ ಏನು ಕಲಿಸಬೇಕು? – ಗುಂಪಿನ ಪ್ರಶ್ನೋತ್ತರ

ಪ್ರಶ್ನೆ (ಸಮಾಜ ಕಾರ್ಯಕರ್ತ, ಕೊಪ್ಪಳ ಜಿಲ್ಲೆ):
ಸಿಸ್ಟರ್, ನಮಸ್ಕಾರ್ರೀ. ನಮ್ಮ ಸಂಸ್ಥೆಯಿಂದ ಮುಂದಿನ ತಿಂಗಳು ಎರಡು ದಿನದ ಕ್ಯಾನ್ಸರ್ ತರಬೇತಿ ಇಟ್ಕೊಂಡೀವಿ. ಬರೋರು ನಮ್ಮ ಫೀಲ್ಡ್ ಸ್ಟಾಫು, ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ನರ್ಸ್‌ಗಳು, ಸಿಎಚ್‌ಒಗಳು (ಸಮುದಾಯ ಆರೋಗ್ಯ ಅಧಿಕಾರಿಗಳು), ಕೆಲವು ಆಶಾ ಫೆಸಿಲಿಟೇಟರ್‌ಗಳು. ಯಾರೂ ಕ್ಯಾನ್ಸರ್ ವಾರ್ಡಿನಾಗ ಕೆಲಸ ಮಾಡಿದೋರಲ್ಲ. ಪಾಠ ಮಾಡಲಿಕ್ಕೆ ಒಪ್ಪಿದ ಡಾಕ್ಟರ್ ಪಿಪಿಟಿ ಕಳಿಸ್ಯಾರ. ಅದರಾಗ ಜೀವಕೋಶ, ಸ್ಟೇಜು, ಕೀಮೋ ಔಷಧಿ ಹೆಸರುಗಳೇ ತುಂಬ್ಯಾವು. ನಮ್ಮೋರಿಗೆ ಇದೆಲ್ಲ ಬೇಕೇನ್ರಿ? ನೀವು ಪ್ಯಾಲಿಯೇಟಿವ್ ಕೇರ್‌ನಾಗ (ನೋವು, ನರಳಾಟ ಕಮ್ಮಿ ಮಾಡೋ ಆರೈಕೆ) ಇಷ್ಟು ವರ್ಷ ಇದ್ದೋರು, ಏನು ಕಲಿಸಬೇಕು ಹೇಳ್ರಿ.

ಉತ್ತರ:
ನಮಸ್ಕಾರ ಸರ್. ಪಿಪಿಟಿ ಬೇಡ ಅಂತ ಡಾಕ್ಟರಿಗೆ ಹೇಳೋದು ಕಷ್ಟ. ಅರ್ಧ ಗಂಟೆಗೆ ಮುಗಿಸಿಕೊಡಿ ಅಂತ ಕೇಳಿಕೊಳ್ಳಿ, ಒಪ್ಪುತ್ತಾರೆ.

ನಿಮ್ಮವರು ಒಂದು ಮನೆಗೆ ಹೋದಾಗ ಏನು ಕೇಳಬೇಕು, ಎಲ್ಲಿ ನೋಡಬೇಕು, ಯಾವುದನ್ನು ಇವತ್ತೇ ಕಳಿಸಬೇಕು, ಕಳಿಸಿದವರು ತಲುಪಿದರಾ ಅಂತ ಯಾರು ವಿಚಾರಿಸಬೇಕು – ಎರಡು ದಿನಕ್ಕೆ ಇಷ್ಟೇ ಸಾಕಷ್ಟಾಯ್ತು. ಕೊನೆಯದಕ್ಕೆ ಹೆಚ್ಚು ಸಮಯ ಕೊಡಿ. ಹಳ್ಳಿಯಲ್ಲಿ ಗಡ್ಡೆ ಯಾರ ಕಣ್ಣಿಗೂ ಬೀಳದೆ ಉಳಿಯೋದಕ್ಕಿಂತ, ಕಣ್ಣಿಗೆ ಬಿದ್ದು ಚೀಟಿ ಬರೆದ ಮೇಲೆ ರೋಗಿ ದಾರಿಯಲ್ಲೇ ಕಳೆದುಹೋಗೋದನ್ನು ನಾನು ಜಾಸ್ತಿ ನೋಡಿದ್ದೀನಿ.

ಸರ್ಕಾರದ ಎನ್‌ಸಿಡಿ (ಬಿಪಿ, ಸಕ್ಕರೆ, ಕ್ಯಾನ್ಸರ್ ಥರದ ಅಂಟದ ಕಾಯಿಲೆಗಳ) ಕಾರ್ಯಕ್ರಮದಲ್ಲಿ 30 ವರ್ಷ ದಾಟಿದವರಿಗೆ ತಪಾಸಣೆ ಇರೋದು ಮೂರೇ ಕ್ಯಾನ್ಸರ್‌ಗೆ: ಬಾಯಿ, ಸ್ತನ, ಗರ್ಭಕಂಠ. ಮೂರೂ ಕಣ್ಣಿಗೆ, ಕೈಗೆ ಸಿಗುವಂಥವು. ನಿಮ್ಮ ತರಬೇತಿಯೂ ಈ ಮೂರನ್ನು ದಾಟೋದು ಬೇಡ. ರಕ್ತದ ಕ್ಯಾನ್ಸರ್, ಮೆದುಳಿನ ಗಡ್ಡೆ ಅಂತ ಯಾರಾದರೂ ಪ್ರಶ್ನೆ ಕೇಳೇ ಕೇಳ್ತಾರೆ. ಊಟದ ಹೊತ್ತಲ್ಲಿ ಡಾಕ್ಟರ್ ಹತ್ತಿರ ಕೂರಿಸಿಬಿಡಿ.

ಪ್ರಶ್ನೆ (ಸಿಎಚ್‌ಒ, ಹಾವೇರಿ ಜಿಲ್ಲೆ):
ಮೇಡಂ, ಬಾಯಿ ತಪಾಸಣೆ ಅಂದ್ರೆ ನಾವು ‘ಆ ಅನ್ನಿ’ ಅಂತೀವಿ, ಟಾರ್ಚ್ ಬಿಡ್ತೀವಿ, ನಾರ್ಮಲ್ ಅಂತ ಬರೀತೀವಿ. ಒಪಿಡಿ ರಶ್‌ನಲ್ಲಿ ಅದಕ್ಕಿಂತ ಜಾಸ್ತಿ ಆಗಲ್ಲ. ನಿಜವಾಗಿ ಹೇಗೆ ನೋಡಬೇಕು?

ಉತ್ತರ:
ಟಾರ್ಚ್ ಹಿಡಿಯೋ ಮೊದಲು ಒಂದು ಮಾತು ಕೇಳಿ: “ಹೊಗೆಸೊಪ್ಪು ಯಾವ ಕಡೆ ಇಟ್ಕೋತೀರಿ?” ಎಲೆ-ಅಡಿಕೆ, ಕಡ್ಡಿಪುಡಿ, ಗುಟ್ಕಾ, ಯಾವುದೇ ಇರಲಿ, ಪ್ರತಿಯೊಬ್ಬರಿಗೂ ಒಂದು ಜಾಗ ಇರುತ್ತೆ, ಎಡ ದವಡೆಯೋ ಬಲ ದವಡೆಯೋ. ಬೈಯದೆ ಕೇಳಿದರೆ ಅವರೇ ಬೆರಳಿಟ್ಟು ತೋರಿಸ್ತಾರೆ. ಮೊದಲು ನೋಡಬೇಕಾದ್ದು ಅಲ್ಲೇ.

ಬಾಯಿ ಮುಕ್ಕಳಿಸಲು ಹೇಳಿ, ಇಲ್ಲದಿದ್ದರೆ ಎಲೆಯ ಕೆಂಪಿನಲ್ಲಿ ಏನೂ ಕಾಣಲ್ಲ. ಹಲ್ಲಿನ ಸೆಟ್ ಇದ್ದರೆ ತೆಗೆಸಿ. ಗ್ಲೌಸ್ ಹಾಕಿ ಕೆನ್ನೆಯನ್ನು ಬೆರಳಲ್ಲಿ ಹೊರಕ್ಕೆ ಎಳೆದು ಎರಡೂ ಕಡೆ, ತುಟಿಯ ಒಳಭಾಗ, ಒಸಡು ನೋಡಿ. ನಾಲಿಗೆಯ ತುದಿಯನ್ನು ಗಾಜ್‌ನಲ್ಲಿ ಹಿಡಿದು ಒಂದು ಪಕ್ಕಕ್ಕೆ ಎಳೆಯಿರಿ, ಆಮೇಲೆ ಇನ್ನೊಂದು ಪಕ್ಕಕ್ಕೆ. ನಾಲಿಗೆಯ ಅಂಚು ಮತ್ತು ನಾಲಿಗೆಯ ಅಡಿ, ‘ಆ’ ಅಂದಾಗ ಕಾಣದೇ ಇರೋದು ಈ ಎರಡು. ನಂತರ ಅಂಗುಳ, ಗಂಟಲ ಬಾಗಿಲು. ಅನುಮಾನ ಬಂದ ಜಾಗವನ್ನು ಬೆರಳಲ್ಲಿ ಮುಟ್ಟಿ. ಸುತ್ತಲಿನ ಜಾಗ ಮೆತ್ತಗಿದ್ದು ಅದೊಂದು ಗಟ್ಟಿಯಾಗಿದ್ದರೆ ಬರೆದುಕೊಳ್ಳಿ. ಕೊನೆಗೆ ದವಡೆ ಕೆಳಗೆ, ಕುತ್ತಿಗೆಯ ಎರಡೂ ಬದಿ ಗಂಟು ಇದೆಯಾ ನೋಡಿ.

ಒರೆಸಿದರೂ ಹೋಗದ ಬಿಳಿ ಕಲೆ, ಕೆಂಪು ಮಚ್ಚೆ, ಎರಡು ವಾರ ಕಳೆದರೂ ಮಾಯದ ಹುಣ್ಣು – ಇವನ್ನು ಕಳಿಸಲೇಬೇಕು. ಅವರದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಲು ಹೇಳಿ. ಹೋಗದಿದ್ದರೆ ಬಾಯಿ ಬಿಗಿದಿದೆ, ಅದನ್ನೂ ಕಳಿಸಿ. ಖಾರ ತಿಂದರೆ ಉರಿ ಅಂತಾರಾ ಕೇಳಿ. ಊಟ ಸಪ್ಪೆ ಮಾಡಿಕೊಂಡಿರ್ತಾರೆ, ಕೇಳದೆ ಹೇಳಲ್ಲ.

ಕೈ ಪಳಗಿದ ಮೇಲೆ ಇದಕ್ಕೆ ಮೂರ್ನಾಲ್ಕು ನಿಮಿಷ ಸಾಕು. ತರಬೇತಿಯಲ್ಲಿ ಒಬ್ಬರ ಬಾಯಿ ಇನ್ನೊಬ್ಬರು ನೋಡಲಿ. ನಗ್ತಾರೆ, ನಾಚಿಕೊಳ್ತಾರೆ, ಆದರೂ ಮಾಡಿಸಿ. ತಂಬಾಕು ಬಿಡ್ತೀನಿ ಅನ್ನೋರಿಗೆ ಕ್ವಿಟ್‌ಲೈನ್ 1800-11-2356 ನಿಮ್ಮ ಎದುರಲ್ಲೇ ಡಯಲ್ ಮಾಡಿ ಕೊಡಿ. ನಂಬರ್ ಬರೆದ ಚೀಟಿ ಜೇಬಲ್ಲೇ ಒಗೆದು ಹೋಗುತ್ತೆ.

ಪ್ರಶ್ನೆ (ಆಶಾ ಫೆಸಿಲಿಟೇಟರ್, ತುಮಕೂರು ಜಿಲ್ಲೆ):
ಸಿಸ್ಟರ್, ಬೇಜಾರು ಮಾಡ್ಕೋಬೇಡಿ. ಸಿಬ್ಯಾಕ್ ಫಾರಂ (ಮನೆಮನೆಗೆ ಹೋಗಿ ಕಾಯಿಲೆಯ ಅಪಾಯ ಕೇಳಿ ಬರೆಯೋ ಪಟ್ಟಿ) ತುಂಬೋದು ನಾವು, ಹೆಂಗಸರನ್ನ ಕರ್ಕೊಂಡು ಹೋಗೋದು ನಾವು. ಅಲ್ಲಿ ಹೋದ್ರೆ ‘ಇವತ್ತು ಡಾಕ್ಟರ್ ಇಲ್ಲ, ನಾಳೆ ಬನ್ನಿ’. ಆಮೇಲೆ ಊರಲ್ಲಿ ಮಾತು ಕೇಳೋರೂ ನಾವೇ. ಇನ್ನೊಂದು ಟ್ರೈನಿಂಗ್ ಕೊಟ್ರೆ ಏನು ಬದಲಾಗುತ್ತೆ?

ಉತ್ತರ:
ಬೇಜಾರೇನಿಲ್ಲ ಅಕ್ಕಾ, ನೀವು ಹೇಳಿದ್ದು ಸರಿ. ಗರ್ಭಕಂಠದ ವಿಐಎ ಪರೀಕ್ಷೆ ಯಾವ ವಾರ, ಯಾವ ಜಾಗದಲ್ಲಿ, ಯಾರು ಮಾಡ್ತಾರೆ ಅನ್ನೋದು ಗೊತ್ತಿಲ್ಲದೆ ಹೆಂಗಸರನ್ನು ಕಳಿಸಿ ಅಂತ ಪಾಠ ಮಾಡೋದು ಅನ್ಯಾಯ. ಕೊಪ್ಪಳದ ಸರ್ ಗಮನಿಸಿ: ತರಬೇತಿಗೆ ಮೊದಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇದನ್ನು ಬರೆದುಕೊಂಡು ಬನ್ನಿ. ಬಯಾಪ್ಸಿ (ಪರೀಕ್ಷೆಗೆ ಗಡ್ಡೆಯ ಚೂರು) ಎಲ್ಲಿ ತೆಗೀತಾರೆ, ರಿಪೋರ್ಟ್ ಯಾರ ಕೈಗೆ ಬರುತ್ತೆ ಅನ್ನೋದೂ ಬೇಕು. ಆ ಒಂದು ಹಾಳೆ ಇಲ್ಲದಿದ್ದರೆ ತರಬೇತಿ ಮುಂದಕ್ಕೆ ಹಾಕಿ.

ವಿಐಎ ನೀವು ಮಾಡಬೇಕಿಲ್ಲ, ಅದು ತರಬೇತಾದ ನರ್ಸ್ ಅಥವಾ ಡಾಕ್ಟರ್ ಕೆಲಸ. ಅಸಿಟಿಕ್ ಆಸಿಡ್ ದ್ರಾವಣ ಹಚ್ಚಿ ಒಂದು ನಿಮಿಷ ಬಿಟ್ಟು ಬಿಳಿಯಾಗುತ್ತಾ ನೋಡ್ತಾರೆ, ಅಷ್ಟೇ. ಆದರೆ ಬಿಳಿಯಾದರೆ ಕ್ಯಾನ್ಸರ್ ಅಂತಲ್ಲ, ಮುಂದಿನ ಪರೀಕ್ಷೆ ಬೇಕು ಅಂತ ಅರ್ಥ. ಈ ವಾಕ್ಯವನ್ನು ಹೆಂಗಸರಿಗೆ ಪರೀಕ್ಷೆಗೆ ಮೊದಲೇ ಹೇಳಿ. ‘ಪಾಸಿಟಿವ್’ ಅಂತ ಕೇಳಿಸಿಕೊಂಡ ಮೇಲೆ ಹೇಳಿದರೆ ಕಿವಿಗೆ ಹೋಗಲ್ಲ. ಮುಟ್ಟು ನಿಂತ ಮೇಲೆ ರಕ್ತ ಹೋಗ್ತಿದ್ದರೆ, ಗಂಡನ ಜೊತೆ ಸೇರಿದ ಮೇಲೆ ರಕ್ತ ಕಾಣಿಸಿಕೊಂಡರೆ ಶಿಬಿರಕ್ಕೆ ಕಾಯದೆ ನೇರ ಕಳಿಸಿ.

ನಿಮ್ಮ ಮೇಲಿನ ಕೆಲಸದ ಹೊರೆ, ಗೌರವಧನದ ವಿಷಯ ತರಬೇತಿಯಿಂದ ಬಗೆಹರಿಯೋದಲ್ಲ. ಹಾಗೆ ನಟಿಸೋದೂ ಬೇಡ.

ಪ್ರಶ್ನೆ (ಪಿಎಚ್‌ಸಿ ಸ್ಟಾಫ್ ನರ್ಸ್, ಚಾಮರಾಜನಗರ ಜಿಲ್ಲೆ):
ಮೇಡಂ, ‘ಇನ್ನೇನೂ ಮಾಡಕ್ಕಾಗಲ್ಲ, ಮನೆಗೆ ಕರ್ಕೊಂಡು ಹೋಗಿ’ ಅಂತ ಕಳಿಸಿದ ಪೇಷಂಟ್‌ಗಳು ನಮ್ಮಲ್ಲಿಗೆ ಬರ್ತಾರೆ. ನೋವಿಗೆ ಡೈಕ್ಲೋ ಇಂಜೆಕ್ಷನ್ ಹಾಕಿ ಕಳಿಸ್ತೀವಿ. ಮಾರ್ಫಿನ್ ಅಂದ್ರೆ ಎಲ್ರಿಗೂ ಭಯ, ಚಟ ಹತ್ತುತ್ತೆ, ಜೀವ ಬೇಗ ಹೋಗುತ್ತೆ ಅಂತಾರೆ. ನಾವೇನು ಮಾಡಬಹುದು?

ಉತ್ತರ:
ಮೊದಲು ನೋವನ್ನು ಅಂಕಿಯಲ್ಲಿ ಬರೆಯೋದು ಕಲಿಯಿರಿ. ಸೊನ್ನೆಯಿಂದ ಹತ್ತು. ಓದು ಬಾರದ ಅಜ್ಜಿಗೆ ಈ ಹತ್ತು ಅರ್ಥ ಆಗದಿದ್ದರೆ “ರೂಪಾಯಿಗೆ ಎಷ್ಟಾಣೆ ನೋವು?” ಅಂತ ಕೇಳಿ. ‘ಹನ್ನೆರಡಾಣೆ’ ಅಂತ ಥಟ್ಟನೆ ಹೇಳ್ತಾರೆ. ರಾತ್ರಿ ನಿದ್ದೆ ಬಂತಾ, ಎದ್ದು ಬಚ್ಚಲಿಗೆ ಹೋಗೋಕೆ ಆಗ್ತಿದೆಯಾ, ಇದೂ ಬರೆಯಿರಿ. ‘ತುಂಬಾ ನೋವು’ ಅಂತ ಫೋನ್‌ನಲ್ಲಿ ಹೇಳಿದರೆ ಡಾಕ್ಟರ್‌ಗೆ ಏನೂ ತಿಳಿಯಲ್ಲ. ‘ನಿನ್ನೆ ಎಂಟು, ಮಾತ್ರೆ ತಗೊಂಡು ಒಂದು ಗಂಟೆಗೆ ಐದು, ಮೂರು ಗಂಟೆ ಹೊತ್ತಿಗೆ ಮತ್ತೆ ಎಂಟು’ ಅಂದರೆ ಅವರು ಡೋಸ್ ಸರಿ ಮಾಡ್ತಾರೆ.

ವಿಶ್ವ ಆರೋಗ್ಯ ಸಂಸ್ಥೆ ನೋವಿನ ಮೂರು ಮೆಟ್ಟಿಲು ಹೇಳಿದ್ದು 1986ರಲ್ಲಿ: ಪ್ಯಾರಾಸಿಟಮಾಲ್ ಥರದ್ದು, ಸೌಮ್ಯ ಓಪಿಯಾಯ್ಡ್ (ಅಫೀಮು ಜಾತಿಯ ನೋವಿನ ಔಷಧಿ), ಆಮೇಲೆ ಮಾರ್ಫಿನ್. ಔಷಧಿ ಬಾಯಿಂದ ಕೊಡಬೇಕು, ಗಡಿಯಾರ ನೋಡಿ ಕೊಡಬೇಕು. ನೋವು ಬಂದಾಗ ಕೊಡೋದಲ್ಲ, ಬರದ ಹಾಗೆ ಕೊಡೋದು. ಸಾದಾ ಮಾರ್ಫಿನ್ ಮಾತ್ರೆ ನಾಲ್ಕು ಗಂಟೆಗೊಮ್ಮೆ. ಡಾಕ್ಟರ್ ಬರೆದ ಪ್ರಮಾಣದಲ್ಲಿ, ನೋವಿಗಾಗಿ ತಗೊಂಡರೆ ಆಯಸ್ಸು ಕಮ್ಮಿ ಆಗಲ್ಲ. ಕ್ಯಾನ್ಸರ್ ನೋವಲ್ಲಿ ಚಟದ ಭಯಕ್ಕೆ ಮಾತ್ರೆ ತಡೆಹಿಡಿಯೋದು ರೋಗಿಗೆ ಮಾಡೋ ದ್ರೋಹ. ಮಲಬದ್ಧತೆ ಮಾತ್ರ ಬಂದೇ ಬರುತ್ತೆ. ಜೊತೆಗೆ ಮಲ ಸಡಿಲ ಮಾಡೋ ಮಾತ್ರೆ ಬರೆದಿಲ್ಲದಿದ್ದರೆ ಡಾಕ್ಟರನ್ನು ಕೇಳಿ, ಅದು ನಿಮ್ಮ ಹಕ್ಕು. ಮೊದಲ ಕೆಲವು ದಿನ ವಾಕರಿಕೆ, ಮಂಪರು ಇರಬಹುದು, ಇಳಿಯುತ್ತೆ. ಎಬ್ಬಿಸಿದರೂ ಏಳದಷ್ಟು ಮಂಪರು, ಉಸಿರು ತೀರಾ ನಿಧಾನ ಆದರೆ ಮುಂದಿನ ಡೋಸ್ ಕೊಡದೆ ತಕ್ಷಣ ಫೋನ್ ಮಾಡಿ. ಒಮ್ಮೆಲೇ ನಿಲ್ಲಿಸಬೇಡಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿಸಿ.

2014ರಲ್ಲಿ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತು ನಿಯಂತ್ರಣದ ಕಾನೂನು) ತಿದ್ದುಪಡಿ ಆದ ಮೇಲೆ ಮಾನ್ಯತೆ ಪಡೆದ ಆಸ್ಪತ್ರೆಗಳು ಮಾರ್ಫಿನ್ ಇಟ್ಟುಕೊಳ್ಳೋದು ಮೊದಲಿನಷ್ಟು ಕಷ್ಟ ಇಲ್ಲ. ನಿಮ್ಮ ಜಿಲ್ಲೆಯಲ್ಲಿ ಯಾವ ಆಸ್ಪತ್ರೆಗೆ ಮಾನ್ಯತೆ ಇದೆ ಅಂತ ಒಂದು ಸಲ ವಿಚಾರಿಸಿಟ್ಟುಕೊಳ್ಳಿ.

ವಾಸನೆ ಬರುವ ಹುಣ್ಣು ಇದ್ದವರ ಮನೆಗೆ ಹೋದಾಗ ಮೂಗು ಮುಚ್ಚಬೇಡಿ. ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಚಹಾ ಚಮಚ ಉಪ್ಪು ಹಾಕಿ, ಹಳೇ ಬ್ಯಾಂಡೇಜನ್ನು ಅದರಲ್ಲೇ ನೆನೆಸಿ ಬಿಡಿಸಿ. ಒಣಗಿದ್ದನ್ನು ಕಿತ್ತರೆ ರಕ್ತ ಬರುತ್ತೆ. ಡಾಕ್ಟರ್ ಹೇಳಿದ್ದರೆ ಮೆಟ್ರೋನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿ. ವಾಸನೆ ಇಳಿದರೆ ಮೊಮ್ಮಕ್ಕಳು ಮತ್ತೆ ಹತ್ತಿರ ಬರ್ತಾರೆ. ಮನೆಯವರಿಗೆ ಒಂದು ಸಲ ಮಾಡಿ ತೋರಿಸಿ, ಎರಡನೇ ಸಲ ಅವರ ಕೈಯಲ್ಲೇ ಮಾಡಿಸಿ.

ಪ್ರತಿಕ್ರಿಯೆ (ವೈದ್ಯಾಧಿಕಾರಿ, ಪಿಎಚ್‌ಸಿ):
ಸಿಸ್ಟರ್, ಎಲ್ಲ ಸರಿ. ಆದರೆ ಅರೆಬರೆ ಕಲಿತವರು ಮನೆಮನೆಯಲ್ಲಿ ಔಷಧಿ ಬಗ್ಗೆ ಮಾತಾಡೋಕೆ ಶುರು ಮಾಡಿದರೆ ತೊಂದರೆ ಆಗಲ್ವಾ?

ಉತ್ತರ:
ಆಗುತ್ತೆ ಸರ್, ಗೆರೆ ಹಾಕದಿದ್ದರೆ. ಔಷಧಿ ಬರೆಯೋದು, ರೋಗ ಇದೇ ಅಂತ ಹೇಳೋದು, ಇಷ್ಟು ದಿನ ಬದುಕ್ತಾರೆ ಅನ್ನೋದು – ಮೂರೂ ಅವರ ಕೆಲಸವಲ್ಲ. ಆದರೆ ಗಮನಿಸಿ ತಿಳಿಸೋದು ಅವರದ್ದೇ. ಒಂದು ಉದಾಹರಣೆ: ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಡೇ ಕೇರ್ ಕೀಮೋ ಬರ್ತಿದೆ. ರೋಗಿ ಸಂಜೆ ಮನೆಗೆ ಹೋಗ್ತಾರೆ. ಒಂದು ವಾರ, ಹತ್ತು ದಿನಕ್ಕೆ ಬಿಳಿ ರಕ್ತಕಣ ತಳ ಮುಟ್ಟುತ್ತೆ, ಆಗ ಜ್ವರ ಬಂದರೆ ಮನೆಯವರು ಪ್ಯಾರಾಸಿಟಮಾಲ್ ಕೊಟ್ಟು ಮಲಗಿಸ್ತಾರೆ. ಬೆಳಗಾಗೋದರಲ್ಲಿ ನಂಜಾಗಬಹುದು. ‘ಕೀಮೋ ಆದವರಿಗೆ 100.4 ಡಿಗ್ರಿ ಜ್ವರ ಅಂದರೆ ಎಮರ್ಜೆನ್ಸಿ, ಫೈಲ್ ಹಿಡಿದು ಈಗಲೇ ಹೊರಡಿ’ – ಇದನ್ನು ಹೇಳೋಕೆ ಎಂಬಿಬಿಎಸ್ ಬೇಡ, ಥರ್ಮಾಮೀಟರ್ ಬೇಕು. ಹಾಗೇ ಕ್ಯಾನ್ಸರ್ ಇರೋರಿಗೆ ಹೊಸದಾಗಿ ಬೆನ್ನುನೋವು ಬಂದು ಕಾಲು ಸೋತರೆ, ಮೂತ್ರ ಕಟ್ಟಿದರೆ ಅದೇ ದಿನ ಆಸ್ಪತ್ರೆ. ತಡವಾದರೆ ಕಾಲು ವಾಪಸ್ ಬರಲ್ಲ.

ಪ್ರಶ್ನೆ (ಆಪ್ತ ಸಮಾಲೋಚಕಿ, ಎನ್‌ಸಿಡಿ ಕ್ಲಿನಿಕ್):
‘ಅಪ್ಪನಿಗೆ ಕ್ಯಾನ್ಸರ್ ಅಂತ ಹೇಳಬೇಡಿ’ ಅಂತ ಮಗ ಬಾಗಿಲಲ್ಲೇ ತಡೀತಾರೆ. ಒಳಗೆ ಹೋದರೆ ಅಪ್ಪ ‘ನಂಗೆ ಏನಾಗಿದೆಯಮ್ಮಾ?’ ಅಂತ ಕೈ ಹಿಡ್ಕೋತಾರೆ. ಏನು ಮಾಡೋದು?

ಉತ್ತರ:
ಮಗನ ಜೊತೆ ವಾದ ಮಾಡಬೇಡಿ. “ಹೇಳಿದರೆ ಏನಾಗುತ್ತೆ ಅಂತ ನಿಮಗೆ ಭಯ?” ಅಂತ ಕೇಳಿ ಸುಮ್ಮನಿರಿ. ‘ಊಟ ಬಿಡ್ತಾರೆ, ಎದೆ ಒಡೆದುಕೊಳ್ತಾರೆ’ ಅಂತ ಬರುತ್ತೆ. ಅದು ಪ್ರೀತಿ, ಒಪ್ಪಿಕೊಳ್ಳಿ. “ನಾನಾಗಿ ಹೇಳಲ್ಲ, ಆದರೆ ಅವರು ಕೇಳಿದರೆ ಸುಳ್ಳೂ ಹೇಳಲ್ಲ” ಅಂತ ಅಲ್ಲೇ ತಿಳಿಸಿ.

ಅಪ್ಪ ಕೇಳಿದಾಗ ಉತ್ತರ ಕೊಡೋಕೆ ಓಡಬೇಡಿ. “ನಿಮಗೆ ಏನು ಅನ್ನಿಸ್ತಿದೆ? ಡಾಕ್ಟರ್ ಏನಂದ್ರು?” ಕರೆಂಟ್ (ರೇಡಿಯೇಷನ್) ಕೊಡಿಸಿಕೊಂಡು ಬಂದವರು, ಪಕ್ಕದ ಬೆಡ್ಡಿನವರ ಕೂದಲು ಉದುರಿದ್ದನ್ನು ನೋಡಿದವರು, ಎಷ್ಟೋ ಜನಕ್ಕೆ ಗೊತ್ತಿರುತ್ತೆ, ಮಗನಿಗೆ ನೋವಾಗುತ್ತೆ ಅಂತ ಸುಮ್ಮನಿರ್ತಾರೆ. ಇನ್ನೂ ತಿಳಿಯಬೇಕು ಅಂದರೆ ಡಾಕ್ಟರ್ ಜೊತೆ ಅಪ್ಪ-ಮಗ ಇಬ್ಬರನ್ನೂ ಕೂರಿಸೋ ಏರ್ಪಾಡು ಮಾಡಿ, ನೀವೂ ಪಕ್ಕದಲ್ಲಿರಿ. ಇದನ್ನು ಉಪನ್ಯಾಸದಲ್ಲಿ ಕಲಿಸೋಕಾಗಲ್ಲ. ತರಬೇತಿಯಲ್ಲಿ ಒಬ್ಬರು ಅಪ್ಪ, ಒಬ್ಬರು ಮಗ ಆಗಿ ನಟಿಸಲಿ.

ಪ್ರಶ್ನೆ (ಕೊಪ್ಪಳದ ಸಮಾಜ ಕಾರ್ಯಕರ್ತ, ಮತ್ತೆ):
ಭಾಳ ಉಪಕಾರ ಆತ್ರಿ. ಕೊನೇದಾಗಿ ಎರಡು: ನಮ್ಮಂಥ ಸಮಾಜ ಕಾರ್ಯಕರ್ತರಿಗೆ ಇದರಾಗ ಪ್ರತ್ಯೇಕ ಏನೈತಿ? ಎರಡು ದಿನ ಆದ ಮೇಲೆ ಮರೀತಾರಲ್ಲ, ಅದಕ್ಕೇನು?

ಉತ್ತರ:
ನಿಮಗೆ ಇರೋದು ಕಾಗದದ ಕೆಲಸ, ಅದು ಚಿಕಿತ್ಸೆಯೇ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ಗೆ ಪ್ಯಾಕೇಜ್ ದರದ ಶೇಕಡಾ 30, ವರ್ಷಕ್ಕೆ 1.5 ಲಕ್ಷ ಮಿತಿ. ಆಧಾರ್‌ನಲ್ಲಿ ಒಂದು ಹೆಸರು, ರೇಷನ್ ಕಾರ್ಡ್‌ನಲ್ಲಿ ಇನ್ನೊಂದು ಇದ್ದರೆ ಕೌಂಟರ್‌ನಲ್ಲೇ ನಿಲ್ಲುತ್ತೆ. ಊರಲ್ಲೇ ನೋಡಿ ಸರಿಪಡಿಸಿ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಇಟ್ಟುಕೊಂಡೇ ಹೊರಡಲಿ. ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೆ, ಜೊತೆಗೆ ಹೋಗೋ ಒಬ್ಬರಿಗೆ ರೈಲಿನಲ್ಲಿ ರಿಯಾಯಿತಿ ಇದೆ, ಆಸ್ಪತ್ರೆಯಿಂದ ನಿಗದಿತ ನಮೂನೆಯ ಸರ್ಟಿಫಿಕೇಟ್ ಬೇಕು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಹುಬ್ಬಳ್ಳಿಗೋ ಹೋಗೋ ಮೊದಲು ಉಳಿಯೋ ಜಾಗ, ಮನೆಯಲ್ಲಿ ದನ ನೋಡೋರು ಯಾರು ಅಂತ ಕೇಳಿ. ಎಮ್ಮೆ ಹಾಲು ಕರೆಯೋರು ಇಲ್ಲ ಅಂತ ಕರೆಂಟ್ ಅರ್ಧಕ್ಕೆ ಬಿಟ್ಟು ಬಂದ ಹೆಂಗಸರಿದ್ದಾರೆ.

ಮರೆಯೋ ವಿಷಯ: ಎರಡು ದಿನವನ್ನು ಒಂದೂವರೆಗೆ ಇಳಿಸಿ. ಉಳಿದ ಹೊತ್ತನ್ನು ತಿಂಗಳಿಗೊಂದು ಗಂಟೆಯ ವಿಡಿಯೋ ಕರೆಗೆ ಇಡಿ. ಪ್ರತಿ ಸಲ ಒಬ್ಬರು ತಮ್ಮ ಒಂದು ಕೇಸ್ ಹೇಳಬೇಕು, ರೋಗಿಯ ಹೆಸರು ಹೇಳದೆ. ‘ಎಕೋ’ ಅನ್ನೋ ಪದ್ಧತಿ ಇದೇ. 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಹೆಪಟೈಟಿಸ್ ಸಿ ಕಾಯಿಲೆಗೆ ಶುರು ಮಾಡಿದ್ದು. ನೋಯ್ಡಾದ ಐಸಿಎಂಆರ್ ಕ್ಯಾನ್ಸರ್ ಸಂಸ್ಥೆ ಎನ್‌ಐಸಿಪಿಆರ್ ಕೂಡ ಕ್ಯಾನ್ಸರ್ ತಪಾಸಣೆ ಕಲಿಸೋಕೆ ಇದನ್ನೇ ಬಳಸುತ್ತೆ. ನರ್ಸ್‌ಗಳಲ್ಲಿ ಆಸಕ್ತಿ ಇರೋರಿಗೆ ಭಾರತೀಯ ಪ್ಯಾಲಿಯೇಟಿವ್ ಕೇರ್ ಸಂಘದ ದೂರಶಿಕ್ಷಣ ಕೋರ್ಸ್ ಇದೆ, ಎಂಟು ವಾರದ್ದು.

ಮೊದಲ ಕರೆಗೆ ನಾನು ಬರ್ತೀನಿ. ಭಾನುವಾರ ಬೇಡ, ಸಂಜೆ ಐದರ ಮೇಲೆ ಯಾವ ದಿನ ಆದರೂ ಸರಿ. ಆ ತಾಲ್ಲೂಕು ಆಸ್ಪತ್ರೆಯ ಹಾಳೆ ಸಿದ್ಧ ಆದರೆ ಗುಂಪಿಗೆ ಹಾಕಿ ಸರ್, ಉಳಿದ ಜಿಲ್ಲೆಯವರೂ ಅದೇ ನಮೂನೆಯಲ್ಲಿ ತಮ್ಮದು ಮಾಡಿಕೊಳ್ಳಲಿ.