ಸಹಾಯ ಬೇಕು: ಆಸ್ಪತ್ರೆಯಲ್ಲಿ ರೋಗಿಯ ಜೊತೆಗಿದ್ದವರ ಅನುಭವಗಳು

ಎಲ್ಲರಿಗೂ ನಮಸ್ಕಾರ. ನಾನು ವಾಸ್ತುಶಿಲ್ಪದ ಸ್ನಾತಕೋತ್ತರ ವಿದ್ಯಾರ್ಥಿನಿ. ಆಸ್ಪತ್ರೆಯ ಕಟ್ಟಡವು ಅಲ್ಲಿ ದಿನಗಟ್ಟಲೆ ಇರಬೇಕಾದವರಿಗೆ ಹೇಗೆ ಅನುಭವಕ್ಕೆ ಬರುತ್ತದೆ ಎಂಬುದನ್ನು ಅಧ್ಯಯನ ಮಾಡುತ್ತಿದ್ದು, ನಿಮ್ಮ ನೆರವನ್ನು ಕೋರುತ್ತಿದ್ದೇನೆ.

ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಗಳನ್ನು ಸಂಶೋಧಕ ರೋಜರ್ ಉಲ್ರಿಚ್ ಹೋಲಿಸಿ ನೋಡಿ, ಕಿಟಕಿಯಿಂದ ಮರಗಳು ಕಾಣುತ್ತಿದ್ದವರು ಬರೀ ಇಟ್ಟಿಗೆ ಗೋಡೆ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದರು, ತೀವ್ರ ನೋವುನಿವಾರಕಗಳನ್ನೂ ಕಡಿಮೆ ಬಳಸಿದರು ಎಂದು 1984ರಲ್ಲಿ ಪ್ರಕಟಿಸಿದರು. ಅದು ಹಾಸಿಗೆಯಲ್ಲಿದ್ದವರ ಮಾತಾಯಿತು. ನಮ್ಮಲ್ಲಿ ರೋಗಿಯ ಜೊತೆ ಮನೆಯವರೊಬ್ಬರಾದರೂ ಉಳಿಯುತ್ತಾರೆ. ಕಿಟಕಿಯ ಸರಳಿಗೆ ಒದ್ದೆ ಟವೆಲ್ ಹರವಿ, ಮಂಚದ ಕೆಳಗೆ ಊಟದ ಕ್ಯಾರಿಯರ್ ಇಟ್ಟು, ರಾತ್ರಿ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗುತ್ತಾರೆ. ನಕ್ಷೆ ಬರೆಯುವಾಗ ಇವರಿಗೂ ಜಾಗ ಗುರುತಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನೀವು ಹಾಗೆ ಉಳಿದಿದ್ದರೆ, ಎಲ್ಲಿ ಕುಳಿತಿರಿ, ಎಲ್ಲಿ ಮಲಗಿದಿರಿ, ಲ್ಯಾಬು ಅಥವಾ ಔಷಧಿ ಕೌಂಟರಿನ ದಾರಿಯನ್ನು ಫಲಕ ನೋಡಿ ಕಂಡುಕೊಂಡಿರೋ ಯಾರನ್ನಾದರೂ ಕೇಳಿದಿರೋ, ರಾತ್ರಿ ಶೌಚಾಲಯಕ್ಕೆ ಹೋಗಲು ಸಾಕಷ್ಟು ಬೆಳಕಿತ್ತೇ, ಮನಸ್ಸಿಗೆ ಸ್ವಲ್ಪ ನೆಮ್ಮದಿ ಕೊಟ್ಟ ಮೂಲೆ ಯಾವುದಾದರೂ ಇತ್ತೇ ಎಂಬುದನ್ನು ದಯವಿಟ್ಟು ಬರೆದು ತಿಳಿಸಿ. ಕಾಗದದ ಮೇಲೆ ಗೆರೆ ಎಳೆದು ಜಾಗ ತೋರಿಸಿದರೆ ಇನ್ನೂ ಉಪಕಾರ. ಓದು ಬರಹ ಬಾರದ ಹಿರಿಯರ ಅನುಭವ ನನಗೆ ಬಹಳ ಮುಖ್ಯ. ಅವರು ಹೇಳಿದ್ದನ್ನು ಅವರ ಒಪ್ಪಿಗೆ ಪಡೆದು ಧ್ವನಿಮುದ್ರಿಸಿ ಕಳುಹಿಸಬಹುದು. ನರ್ಸ್ ಮತ್ತು ಆಯಾ ಕೆಲಸದಲ್ಲಿರುವವರೂ ಬರೆಯಬೇಕೆಂದು ವಿನಂತಿ.

ಆಸ್ಪತ್ರೆಯ ಹೆಸರು, ವೈದ್ಯರ ಹೆಸರು, ಕಾಯಿಲೆಯ ವಿವರ ಬೇಡ. ಪ್ರಬಂಧದಲ್ಲಿ ಯಾರ ಹೆಸರನ್ನೂ ಬಳಸುವುದಿಲ್ಲ. ಇಲ್ಲಿ ಬರೆಯಲು ಸಂಕೋಚವಾದರೆ ನನಗೆ ಖಾಸಗಿಯಾಗಿ ಸಂದೇಶ ಕಳುಹಿಸಿ.