ಬಿಚ್ಚಿ ಜೋಡಿಸಿದ ಮೇಲೆ ಏರ್ ರೈಫಲ್‌ನ ಗುರಿ ಕೆಟ್ಟಿದೆ: ಯಾವ ಸ್ಕ್ರೂಡ್ರೈವರ್ ಕೊಳ್ಳಲಿ?

ಕೊಪ್ಪದ ಅಂಗಳ

ಎಲ್ಲರಿಗೂ ನಮಸ್ಕಾರ. ನನ್ನದು .177 ಇಂಚು ಅಳತೆಯ, ನಳಿಗೆ ಮಡಚಿ ಸ್ಪ್ರಿಂಗ್ ಎಳೆಯುವ ಏರ್ ರೈಫಲ್. ಅಡಿಕೆ ಒಣಗಿಸುವ ಅಂಗಳದಲ್ಲಿ ಹತ್ತು ಮೀಟರ್ ಅಳೆದು, ಹಿಂದೆ ಮರಳಿನ ಚೀಲ ಪೇರಿಸಿ ಕಾಗದದ ಗುರಿಗೆ ಹೊಡೆಯುವ ಹವ್ಯಾಸ. ಈ ಮಳೆಗಾಲ ಸ್ಟಾಕ್‌ಗೆ, ಅಂದರೆ ರೈಫಲ್‌ನ ಮರದ ಹಿಡಿಗೆ, ಬೂಷ್ಟು ಹಿಡಿಯಿತು. ಬಿಚ್ಚಿ, ಒರೆಸಿ, ಅಗಸೆ ಎಣ್ಣೆ ಹಚ್ಚಿ, ವಾರ ಒಣಗಿಸಿ ಮತ್ತೆ ಜೋಡಿಸಿದೆ. ತೊಂದರೆ ಅಲ್ಲಿಂದ ಶುರುವಾಯಿತು.

ಮೊದಲು ಐದು ಪೆಲೆಟ್‌ಗಳೂ ಒಂದು ರೂಪಾಯಿ ನಾಣ್ಯದೊಳಗೆ ಬೀಳುತ್ತಿದ್ದವು. ಈಗ ಊಟದ ತಟ್ಟೆಯಷ್ಟು ಚದುರುತ್ತಿವೆ. ಸ್ಟಾಕ್‌ನ ಮುಂಭಾಗದ ಎಡಗಡೆಯ ಸ್ಕ್ರೂ ತಲೆಯ ಸೀಳು ಕಿತ್ತುಹೋಗಿದೆ, ಚಿತ್ರ ಹಾಕಿದ್ದೇನೆ. ಇಪ್ಪತ್ತು ಸಲ ಹೊಡೆಯುವಷ್ಟರಲ್ಲಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂದಲೆಳೆಯಷ್ಟು ಹಿಂದಕ್ಕೆ ಸರಿದಿರುತ್ತದೆ.

ಮನೆಯಲ್ಲಿರುವುದು ತುದಿ ಬದಲಾಯಿಸುವ ಸ್ಕ್ರೂಡ್ರೈವರ್, ಸೈಕಲ್ಲಿನ ಅಲೆನ್ ಕೀಗಳು, ಒಂದು ಕಟಿಂಗ್ ಪ್ಲೇಯರ್. ಆನ್‌ಲೈನಿನಲ್ಲಿ ನೂರು ಬಿಟ್‌ಗಳ (ಬದಲಾಯಿಸುವ ತುದಿಗಳ) ಬಂದೂಕು ರಿಪೇರಿ ಪೆಟ್ಟಿಗೆ ಸಿಗುತ್ತದೆ. ಕೊಳ್ಳಬಹುದೇ?

ಹಳೆಯ ಫಿಟ್ಟರ್

ಕೊಳ್ಳಬೇಡಿ. ಪೆಟ್ಟಿಗೆ ಕೊಂಡವರೆಲ್ಲ ನಾಲ್ಕು ಬಿಟ್ ಬಳಸಿ ತೊಂಬತ್ತಾರನ್ನು ತುಕ್ಕಿಗೆ ಬಿಟ್ಟಿದ್ದಾರೆ, ನಾನೂ ಸೇರಿದಂತೆ.

ಚಿತ್ರದಲ್ಲಿ ಸೀಳಿನ ಮೇಲಂಚು ಮಾತ್ರ ಎದ್ದಿದೆ, ಬುಡ ಹಾಗೆಯೇ ಇದೆ. ಮನೆಬಳಕೆಯ ಸ್ಕ್ರೂಡ್ರೈವರ್‌ನ ತುದಿ ಬೆಣೆಯ ಹಾಗಿರುತ್ತದೆ. ಬುಡದಲ್ಲಿ ದಪ್ಪ, ತುದಿಗೆ ಬಂದಂತೆ ತೆಳು. ಅದು ಸೀಳಿನ ಮೇಲಂಚನ್ನಷ್ಟೇ ಮುಟ್ಟುತ್ತದೆ. ನೀವು ಬಲ ಹಾಕಿದಷ್ಟೂ ಮೇಲಕ್ಕೆ ಜಾರಿ ಅಂಚನ್ನು ಕಿತ್ತುಕೊಂಡೇ ಹೊರಬರುತ್ತದೆ. ಬಂದೂಕಿನ ಕೆಲಸದ ಬಿಟ್‌ನ ಎರಡೂ ಮೈ ತುದಿಯಲ್ಲಿ ಸಮಾನಾಂತರವಾಗಿರುತ್ತವೆ. ಆದ್ದರಿಂದ ಸೀಳಿನ ಬುಡದವರೆಗೂ ಗೋಡೆಗೆ ಆನಿಕೊಂಡು ನಿಲ್ಲುತ್ತದೆ.

ಮೊದಲು ಅಳತೆ, ಆಮೇಲೆ ಖರೀದಿ. ಸ್ಕ್ರೂ ತಲೆಯ ಅಗಲವನ್ನೂ ಸೀಳಿನ ದಪ್ಪವನ್ನೂ ವರ್ನಿಯರ್‌ನಲ್ಲಿ ನೋಡಿ ಬರೆದುಕೊಳ್ಳಿ. ಬಿಟ್ ತಲೆಗಿಂತ ಅಗಲವಾದರೆ ಸುತ್ತಲಿನ ಮರವನ್ನು ಗೀರುತ್ತದೆ, ಕಿರಿದಾದರೆ ಸೀಳನ್ನು ಕೆಡಿಸುತ್ತದೆ. ಸರಿಯಾದದ್ದನ್ನು ಸೀಳಿಗಿಟ್ಟು ಕೈಬಿಟ್ಟರೆ ತಾನೇ ನೆಟ್ಟಗೆ ನಿಲ್ಲುತ್ತದೆ, ಅಲ್ಲಾಡಿಸಿದರೆ ಕಟಕಟ ಎನ್ನುವುದಿಲ್ಲ.

ಅಂಗಡಿಯಲ್ಲಿ ಸಿಗದಿದ್ದರೆ ಒಳ್ಳೆಯ ಉಕ್ಕಿನ ಹಳೆಯ ಸ್ಕ್ರೂಡ್ರೈವರ್ ಒಂದನ್ನು ಸಾಣೆಕಲ್ಲಿಗೆ ತಿಕ್ಕಿ ಹೊಂದಿಸಿ. ಗ್ರೈಂಡರ್‌ಗೆ ಹಿಡಿಯುವುದಾದರೆ ಎರಡು ಕ್ಷಣಕ್ಕೊಮ್ಮೆ ನೀರಿಗೆ ಅದ್ದಿ. ತುದಿ ನೀಲಿ ತಿರುಗಿತೆಂದರೆ ಹದ ಹೋಯಿತು, ಬೆಣ್ಣೆಯ ಹಾಗೆ ತಿರುಚಿಕೊಳ್ಳುತ್ತದೆ.

ಹತ್ತು ಮೀಟರ್

ಫಿಟ್ಟರ್ ಸರ್ ಹೇಳಿದ್ದಕ್ಕೆ ಸ್ಕೋಪ್‌ನ ವಿಷಯ ಸೇರಿಸುತ್ತೇನೆ. ಸ್ಪ್ರಿಂಗ್ ರೈಫಲ್ ಎರಡು ಕಡೆಗೂ ಒದೆಯುತ್ತದೆ. ಪಿಸ್ಟನ್ ಮುಂದೆ ಹಾರುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ಕೊನೆಗೆ ಬಡಿದು ನಿಂತಾಗ ಮುಂದಕ್ಕೆ. ಆ ಮುಂದಿನ ಎಳೆತಕ್ಕೆ ಸ್ಕೋಪ್ ಇದ್ದಲ್ಲೇ ಉಳಿಯಲು ನೋಡುತ್ತದೆ, ಅಂದರೆ ನಿಮ್ಮ ಕಣ್ಣಿನ ಕಡೆ ಸರಿಯುತ್ತದೆ. ಬರೀ ಬಿಗಿ ಮಾಡಿದರೆ ನಿಲ್ಲುವುದಿಲ್ಲ. ಸ್ಕೋಪನ್ನು ರೈಫಲ್‌ಗೆ ಹಿಡಿಸುವ ಮೌಂಟ್‌ನ ಅಡಿಯಲ್ಲಿ ಸಾಮಾನ್ಯವಾಗಿ ತಡೆಪಿನ್ ಇರುತ್ತದೆ. ಅದು ರೈಫಲ್‌ನ ಬೆನ್ನಿನ ಕುಳಿಯೊಳಗೆ ಕೂತಿದೆಯೇ ನೋಡಿ.

ಅಲೆನ್ ಕೀ ಬಗ್ಗೆ ಎಚ್ಚರ. ಸೈಕಲ್ಲಿನವು ಮಿಲಿಮೀಟರ್ ಅಳತೆಯವು. ಕೆಲವು ಮೌಂಟ್‌ಗಳ ಸ್ಕ್ರೂಗಳು ಇಂಚಿನ ಲೆಕ್ಕದವು. 1/8 ಇಂಚು ಎಂದರೆ 3.175 ಮಿ.ಮೀ. ಅದಕ್ಕೆ 3 ಮಿ.ಮೀ. ಕೀ ಹೋಗುತ್ತದೆ, ತಿರುಗಿದಂತೆಯೂ ಅನ್ನಿಸುತ್ತದೆ. ಮೂರನೆಯ ಸಲಕ್ಕೆ ಆರು ಮೂಲೆಯ ರಂಧ್ರ ಗುಂಡಗಾಗಿರುತ್ತದೆ.

ಎಷ್ಟು ಬಿಗಿ ಮಾಡಬೇಕೆಂದು ಅಳತೆ ಇಟ್ಟು ತಿರುಗಿಸುವ ಒಂದು ಸಣ್ಣ ಟಾರ್ಕ್ ಸ್ಕ್ರೂಡ್ರೈವರ್ ಕೊಳ್ಳಿ. ಸ್ಕೋಪ್ ಉಂಗುರದ ಸ್ಕ್ರೂಗಳಿಗೆ ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಸಾಕು. ನಿಮ್ಮ ಮೌಂಟ್‌ನ ಕೈಪಿಡಿ ಬೇರೆ ಹೇಳಿದರೆ ಅದೇ ಸರಿ. ಕಾರಿನ ಚಕ್ರಕ್ಕೆ ಬಳಸುವ ಟಾರ್ಕ್ ವ್ರೆಂಚ್ ಈ ಕೆಲಸಕ್ಕೆ ಬಾರದು.

ಹಳೆಯ ಫಿಟ್ಟರ್

ಟಾರ್ಕ್ ಸ್ಕ್ರೂಡ್ರೈವರ್ ಇದ್ದರೆ ಒಳ್ಳೆಯದೇ, ಆದರೆ ಮೊದಲ ಖರ್ಚು ಅದಾಗಬಾರದು. ಅಲೆನ್ ಕೀಯ ಉದ್ದದ ತೋಳನ್ನು ರಂಧ್ರಕ್ಕೆ ಹಾಕಿ, ಗಿಡ್ಡ ತೋಳನ್ನು ಎರಡೇ ಬೆರಳಲ್ಲಿ ತಿರುಗಿಸಿ. ಆ ಸಣ್ಣ ಹಿಡಿಯಲ್ಲಿ ಅತಿ ಬಿಗಿ ಮಾಡಲು ಸುಲಭವಿಲ್ಲ. ಉಳಿದ ಹಣಕ್ಕೆ ನೈಲಾನ್ ತಲೆಯ ಸುತ್ತಿಗೆ, ಎರಡು ಹಿತ್ತಾಳೆ ಪಂಚ್ ತನ್ನಿ. ಪಿನ್ ಹೊಡೆಯಲು ಮೊಳೆ ಬಳಸಿದವರ ರೈಫಲ್ ಮೈಮೇಲೆ ಸಿಡುಬಿನ ಕಲೆ ನೋಡಿದ್ದೇನೆ.

ಹತ್ತು ಮೀಟರ್

ಬೆರಳಿನ ಅಂದಾಜು ನಿಮಗೆ ಮೂವತ್ತು ವರ್ಷದ ಕೆಲಸದಿಂದ ಬಂದದ್ದು ಸರ್. ನನ್ನ ಎರಡು ಬೆರಳು ಒಂದು ಸ್ಕೋಪ್‌ನ ಕೊಳವೆಯನ್ನೇ ಚಪ್ಪಟೆ ಮಾಡಿವೆ.

ಹಳೆಯ ಫಿಟ್ಟರ್

ಆ ಮಾತು ಒಪ್ಪಿದೆ.

ತೋಟದ ಹುಡುಗ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಇವೇ ಸಲಕರಣೆಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯನ್ನು ಬಿಚ್ಚಿ ಜೋಡಿಸಬಹುದೇ? ಏರ್ ರೈಫಲ್‌ಗೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಹೇಗೆ?

ನಿರ್ವಾಹಕರು

ಎರಡೂ ಬೇಡ. ಕೋವಿಯ ದುರಸ್ತಿಗೂ 1959ರ ಆಯುಧ ಕಾಯ್ದೆಯಡಿ ಲೈಸೆನ್ಸ್ ಬೇಕು. ಲೈಸೆನ್ಸ್ ಇರುವ ದುರಸ್ತಿಗಾರರ ಬಳಿ ಕೊಡಿ. 2016ರ ಆಯುಧ ನಿಯಮಗಳಲ್ಲಿ ಏರ್ ರೈಫಲ್‌ಗೆ ವಿನಾಯಿತಿ ಇರುವುದು .177 ಅಳತೆ ಮತ್ತು 20 ಜೌಲ್ ಶಕ್ತಿಯ ಮಿತಿಯೊಳಗೆ. ಶಕ್ತಿ ಹೆಚ್ಚಿಸುವ ಚರ್ಚೆಗೆ ಇಲ್ಲಿ ಜಾಗವಿಲ್ಲ.

ಕೊಪ್ಪದವರಿಗೂ ಒಂದು ಮಾತು: ಸ್ಟಾಕ್ ಮತ್ತು ಸ್ಕೋಪ್‌ನ ಆಚೆಗೆ ಹೋಗಬೇಡಿ. ಒಳಗಿನ ಸ್ಪ್ರಿಂಗ್ ಎಳೆಯದೆ ಇರುವಾಗಲೂ ಒತ್ತಡದಲ್ಲಿಯೇ ಕೂತಿರುತ್ತದೆ. ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಹಿಂದಿನ ಭಾಗ ಬಿಚ್ಚಿದರೆ ಅದು ಮುಖಕ್ಕೇ ಹಾರೀತು. ಸ್ಕ್ರೂಡ್ರೈವರ್ ಹಿಡಿಯುವ ಮೊದಲು ನಳಿಗೆಯಲ್ಲಿ ಪೆಲೆಟ್ ಇಲ್ಲ, ಸ್ಪ್ರಿಂಗ್ ಎಳೆದಿಲ್ಲ ಎಂದು ಎರಡು ಸಲ ನೋಡಿ.

ಹಳೆಯ ಫಿಟ್ಟರ್

ಕೊಪ್ಪದವರೇ, ಸ್ಕೋಪ್ ಅಷ್ಟೇ ಸರಿದಿದ್ದರೆ ಗುರಿ ತಟ್ಟೆಯಷ್ಟು ಚದುರದು, ಒಂದೇ ಕಡೆಗೆ ಹೋಗುತ್ತಿತ್ತು. ನನಗೆ ಸ್ಟಾಕ್ ಮೇಲೆ ಅನುಮಾನ. ಎಡಗೈಯ ಹೆಬ್ಬೆರಳನ್ನು ಮರ ಮತ್ತು ಲೋಹ ಕೂಡುವ ಗೆರೆಯ ಮೇಲಿಟ್ಟು, ಬಲಗೈಯಲ್ಲಿ ನಳಿಗೆಯನ್ನು ಮೆಲ್ಲಗೆ ಪಕ್ಕಕ್ಕೆ ಒತ್ತಿ. ಹೆಬ್ಬೆರಳಿಗೆ ಏನಾದರೂ ಮಿಸುಕಿದಂತಾಗುತ್ತದೆಯೇ?

ಕೊಪ್ಪದ ಅಂಗಳ

ಮಿಸುಕುತ್ತದೆ! ಆದರೆ ಸ್ಕ್ರೂಗಳು ಗಟ್ಟಿಯಾಗಿವೆ, ಇನ್ನು ಒಂದು ಸುತ್ತೂ ಹೋಗುವುದಿಲ್ಲ.

ಹಳೆಯ ಫಿಟ್ಟರ್

ಹಾಗಾದರೆ ಸ್ಕ್ರೂ ಗಟ್ಟಿಯಾಗಿರುವುದು ಮರಕ್ಕಲ್ಲ, ರಂಧ್ರದ ತಳಕ್ಕೆ. ತಲೆಯ ಕೆಳಗೆ ಹಲ್ಲಿನ ವಾಷರ್ ಇತ್ತೇ? ಎಣ್ಣೆ ಹಚ್ಚುವಾಗ ಸ್ಕ್ರೂಗಳನ್ನು ಯಾವುದರಲ್ಲಿ ಇಟ್ಟಿದ್ದಿರಿ?

ಕೊಪ್ಪದ ಅಂಗಳ

ಎರಡು ದಿನ ಉತ್ತರಿಸಲಾಗಲಿಲ್ಲ, ಕರೆಂಟು ಇರಲಿಲ್ಲ.

ಸ್ಕ್ರೂಗಳನ್ನು ಹಳೆಯ ಪತ್ರಿಕೆಯ ಮೇಲೆ ಇಟ್ಟಿದ್ದೆ. ಆ ಪತ್ರಿಕೆಯನ್ನು ಒಲೆ ಹಚ್ಚಲು ಬಚ್ಚಲುಮನೆಗೆ ಒಯ್ದಿದ್ದರು. ಪುಣ್ಯಕ್ಕೆ ಉರಿದಿರಲಿಲ್ಲ. ಮಡಿಕೆ ಬಿಡಿಸಿದರೆ ಅಗಸೆ ಎಣ್ಣೆಗೆ ಅಂಟಿಕೊಂಡು ಎರಡೂ ವಾಷರ್ ಅಲ್ಲೇ ಕೂತಿವೆ. ಇಲ್ಲದ ವಾಷರ್‌ಗೆ ನಾನು ಮೈಬಲವನ್ನೆಲ್ಲ ಹಾಕಿ ಸೀಳು ಕಿತ್ತಿದ್ದೆ.

ಪೆಟ್ಟಿಗೆ ಕೊಳ್ಳಲಿಲ್ಲ. ವರ್ನಿಯರ್‌ನಲ್ಲಿ ಅಳೆದು, ಅಪ್ಪನ ಹಳೆಯ ಸ್ಕ್ರೂಡ್ರೈವರ್ ಒಂದನ್ನು ಕತ್ತಿ ಮಸೆಯುವ ಕಲ್ಲಿನ ಮೇಲೆ ಅರ್ಧ ದಿನ ತಿಕ್ಕಿದೆ. ಸೀಳಿಗಿಟ್ಟು ಕೈಬಿಟ್ಟಾಗ ನಿಂತಿತು. ಕಿತ್ತಿದ್ದ ಸ್ಕ್ರೂ ಒಂದೇ ಪಟ್ಟಿಗೆ ಬಿಚ್ಚಿಕೊಂಡಿತು. ವಾಷರ್ ಹಾಕಿ ಜೋಡಿಸಿದ ಮೇಲೆ ಹೆಬ್ಬೆರಳಿಗೆ ಏನೂ ಮಿಸುಕುತ್ತಿಲ್ಲ. ತಡೆಪಿನ್ ಕುಳಿಯಿಂದ ಎರಡು ಮಿಲಿಮೀಟರ್ ಮುಂದಿತ್ತು, ಅದನ್ನೂ ಕೂರಿಸಿದೆ.

ಇಂದು ಬೆಳಿಗ್ಗೆ ಐದರಲ್ಲಿ ನಾಲ್ಕು ನಾಣ್ಯದೊಳಗೆ. ಐದನೆಯದು ನನ್ನದೇ ತಪ್ಪು, ಮಂಗ ತೋಟಕ್ಕೆ ಇಳಿಯಿತೆಂದು ತಿರುಗಿ ನೋಡಿದೆ. ಸ್ಕ್ರೂಗಳಿಗೆ ಮತ್ತೆ ಸಡಿಲವಾಗದ ಹಾಗೆ ಅಂಟು ಹಾಕಬೇಕೇ?

ಹತ್ತು ಮೀಟರ್

ಸ್ಟಾಕ್‌ನ ಸ್ಕ್ರೂ ಲೋಹದೊಳಗೆ ಇಳಿಯುವ ಥ್ರೆಡ್ ಭಾಗಕ್ಕೆ ನೀಲಿ ಬಣ್ಣದ ಥ್ರೆಡ್‌ಲಾಕರ್ ಒಂದು ಹನಿ. ಕೆಂಪು ಬೇಡವೇ ಬೇಡ, ಬಿಚ್ಚಲು ಕಾಯಿಸಬೇಕಾಗುತ್ತದೆ, ಪಕ್ಕದಲ್ಲೇ ನಿಮ್ಮ ಮರ ಇದೆ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಮರದ ಮೇಲಕ್ಕೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಮುರಿದಂತೆ ಕಂಡ ದಿನ ಸ್ಕ್ರೂ ತಿರುಗಿದೆ ಎಂದು ಗೊತ್ತಾಗುತ್ತದೆ.

ಕೊಪ್ಪದ ಅಂಗಳ

ಎಳೆದೆ. ಮನೆಯಲ್ಲಿದ್ದದ್ದು ಗುಲಾಬಿ ಬಣ್ಣ ಮಾತ್ರ.