ತೂತು ಕೊರೆಯದೆ ಪಿಕಪ್ ವಾಹನಕ್ಕೆ ಟೂ-ವೇ ರೇಡಿಯೋ ಅಳವಡಿಸುವುದು ಹೇಗೆ?

ಪ್ರಶ್ನೆ:
ನಮಸ್ಕಾರ. ನನ್ನ ಬಳಿ ಎರಡು ಸಾಲು ಸೀಟುಗಳಿರುವ ಪಿಕಪ್ ವಾಹನವಿದೆ. ಅದನ್ನು ಲೀಸ್‌ಗೆ ಪಡೆದಿರುವುದರಿಂದ ಅವಧಿ ಮುಗಿದಾಗ ಇದ್ದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು, ಹಾಗಾಗಿ ಎಲ್ಲಿಯೂ ತೂತು ಕೊರೆಯುವಂತಿಲ್ಲ. 50 ವ್ಯಾಟ್‌ನ ವಿಎಚ್‌ಎಫ್-ಯುಎಚ್‌ಎಫ್ ಮೊಬೈಲ್ ರೇಡಿಯೋ ಇದೆ, ಪರವಾನಗಿಯೂ ಇದೆ. ಸದ್ಯಕ್ಕೆ ರೇಡಿಯೋವನ್ನು ಸಿಗರೇಟ್ ಲೈಟರ್ ಸಾಕೆಟ್‌ಗೆ ಜೋಡಿಸಿ, ಆಂಟೆನಾವನ್ನು ಹಿಂದಿನ ಸರಕು ತೊಟ್ಟಿಯ ಅಂಚಿಗೆ ಕ್ಲ್ಯಾಂಪ್ ಹಾಕಿ ನಿಲ್ಲಿಸಿದ್ದೇನೆ. ಬೇರೆಯವರ ಮಾತು ನನಗೆ ಚೆನ್ನಾಗಿಯೇ ಕೇಳಿಸುತ್ತದೆ. ಆದರೆ ನಾನು ಮಾತನಾಡಲು ಬಟನ್ ಒತ್ತಿದ ಕೂಡಲೇ ರೇಡಿಯೋದ ಪರದೆ ಮಂಕಾಗುತ್ತದೆ, ಎಂಜಿನ್ ನಿಂತಿದ್ದರೆ ಕೆಲವೊಮ್ಮೆ ರೇಡಿಯೋ ಆಫ್ ಆಗಿಬಿಡುತ್ತದೆ, ನನ್ನ ಧ್ವನಿಯೂ ಕಡಿದು ಕಡಿದು ಬರುತ್ತದೆಯಂತೆ. ಇದನ್ನು ಸರಿಯಾಗಿ ಅಳವಡಿಸುವ ಕ್ರಮವನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ:
ವಾಹನಗಳಿಗೆ ರೇಡಿಯೋ ಅಳವಡಿಸುವುದೇ ನನ್ನ ಕೆಲಸ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ರೇಡಿಯೋದಲ್ಲಿ ದೋಷವಿದೆ ಎಂದು ನನಗನ್ನಿಸುವುದಿಲ್ಲ. ಪರದೆ ಮಂಕಾಗುವುದು ವಿದ್ಯುತ್ ಪೂರೈಕೆಯ ತೊಂದರೆ, ಧ್ವನಿ ಕಡಿಯುವುದರಲ್ಲಿ ಅದರ ಪಾಲಿನ ಜೊತೆಗೆ ಆಂಟೆನಾದ ಅರ್ಥಿಂಗ್‌ನ ಪಾಲೂ ಇದೆ. ತಗಡಿಗೆ ಕೊರೆಯುವ ಒಂದು ತೂತು ಮೂರು ಕೆಲಸಗಳನ್ನು ಮಾಡುತ್ತದೆ: ಸಾಧನವನ್ನು ಅಲುಗದಂತೆ ಹಿಡಿಯುತ್ತದೆ, ವೈರಿಗೆ ದಾರಿ ಕೊಡುತ್ತದೆ, ಆಂಟೆನಾದ ಬುಡವನ್ನು ಬರಿಯ ಲೋಹಕ್ಕೆ ತಾಗಿಸುತ್ತದೆ. ತೂತು ಬೇಡವೆಂದಾಗ ಮೊದಲ ಎರಡಕ್ಕೆ ಎಲ್ಲರೂ ಏನಾದರೊಂದು ಉಪಾಯ ಹುಡುಕುತ್ತಾರೆ. ಮೂರನೆಯದು ಕಣ್ಣಿಗೆ ಬೀಳದ ಕೆಲಸವಾದ್ದರಿಂದ ಮರೆತುಹೋಗುತ್ತದೆ. ನನ್ನ ಬಳಿಗೆ ಸರಿಪಡಿಸಲು ಬರುವ ಅಳವಡಿಕೆಗಳಲ್ಲಿ ಹೆಚ್ಚಿನವು ಕೆಟ್ಟಿರುವುದು ಇಲ್ಲಿಯೇ.

ಮೊದಲು ವಿದ್ಯುತ್ತಿನ ವಿಷಯ. 50 ವ್ಯಾಟ್‌ನ ರೇಡಿಯೋ ಮಾತನಾಡುವಾಗ ಸುಮಾರು 10ರಿಂದ 12 ಆಂಪಿಯರ್ ಎಳೆಯುತ್ತದೆ. ಇಂತಹ ರೇಡಿಯೋಗಳನ್ನು ಸಾಮಾನ್ಯವಾಗಿ 13.8 ವೋಲ್ಟ್‌ಗೆ ರೂಪಿಸಿರುತ್ತಾರೆ, ಅದರಲ್ಲಿ ಶೇಕಡಾ 15ರಷ್ಟು ಏರಿಳಿತವನ್ನು ಅನೇಕ ರೇಡಿಯೋಗಳು ತಾಳಿಕೊಳ್ಳುತ್ತವೆ. ಎಂದರೆ ಕೆಳಗಿನ ಮಿತಿ 11.7 ವೋಲ್ಟ್. ಎಂಜಿನ್ ನಿಂತಿರುವಾಗ ಪೂರ್ತಿ ಚಾರ್ಜ್ ಆದ ಬ್ಯಾಟರಿಯೂ ಕೊಡುವುದು 12.6 ವೋಲ್ಟ್‌ನ ಆಸುಪಾಸು ಮಾತ್ರ. ಸಾಕೆಟ್‌ಗೆ ಹೋಗುವ ಸಣ್ಣ ವೈರು, ಅದರೊಳಗಿನ ಸ್ಪ್ರಿಂಗ್‌ನ ಸಡಿಲ ಸಂಪರ್ಕ, ಫ್ಯೂಸ್ ಪೆಟ್ಟಿಗೆಯ ಕೀಲುಗಳು ಎಲ್ಲ ಸೇರಿ ಒಂದು ವೋಲ್ಟ್ ನುಂಗಿದರೂ ನೀವು ಮಿತಿಯ ಕೆಳಗಿಳಿದಿರುತ್ತೀರಿ. ರೇಡಿಯೋ ಆಫ್ ಆಗುವುದಕ್ಕೆ ಇಷ್ಟು ಸಾಕು. ಆ ಸಾಕೆಟ್ ಕೈಯಲ್ಲಿ ಹಿಡಿಯುವ 5 ವ್ಯಾಟ್‌ನ ಸೆಟ್‌ಗೆ ಸರಿಹೋಗುತ್ತದೆ, 50 ವ್ಯಾಟ್‌ಗೆ ಅಲ್ಲ.

ಆದ್ದರಿಂದ ಪಾಸಿಟಿವ್ ವೈರನ್ನು ನೇರವಾಗಿ ಬ್ಯಾಟರಿಯಿಂದಲೇ ತರಬೇಕು. 6 ಚದರ ಮಿಲಿಮೀಟರ್‌ನ ತಾಮ್ರದ ವೈರಿನಲ್ಲಿ ಮೀಟರಿಗೆ ಸುಮಾರು 3 ಮಿಲಿಓಮ್ ರೋಧವಿರುತ್ತದೆ. 3 ಮೀಟರ್ ಉದ್ದಕ್ಕೆ 12 ಆಂಪಿಯರ್ ಹರಿದರೂ ಕಳೆದುಹೋಗುವುದು 0.1 ವೋಲ್ಟ್‌ನಷ್ಟು. 2.5 ಚದರ ಮಿಲಿಮೀಟರ್‌ನ ವೈರಾದರೆ ಇದು ಎರಡು ಪಟ್ಟಿಗೂ ಮೀರುತ್ತದೆ. ಪಾಸಿಟಿವ್ ವೈರಿನಲ್ಲಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್ ಇರಲೇಬೇಕು. ಈ ಫ್ಯೂಸ್ ಇರುವುದು ವೈರನ್ನು ಕಾಪಾಡುವುದಕ್ಕಾಗಿ. ಅದನ್ನು ರೇಡಿಯೋದ ಬಳಿ ಹಾಕಿದರೆ ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರಿಗೆ ರಕ್ಷಣೆಯೇ ಇರುವುದಿಲ್ಲ, ಎಲ್ಲಾದರೂ ಉಜ್ಜಿ ತಗಡಿಗೆ ತಾಗಿದರೆ ಬೆಂಕಿ ಹತ್ತುತ್ತದೆ. ಬ್ಯಾಟರಿಯ ಪಕ್ಕದಲ್ಲೇ ಅರ್ಧ ಕರಗಿದ ಕೆಂಪು ವೈರನ್ನು ಕಣ್ಣಾರೆ ಕಂಡವನಾಗಿ ಈ ಒಂದು ಮಾತಿನಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಇನ್ನು ವೈರು ಎಂಜಿನ್ ಕಡೆಯಿಂದ ಕ್ಯಾಬಿನ್ನಿನೊಳಗೆ ಬರುವ ದಾರಿ. ಎರಡರ ನಡುವಿನ ತಗಡಿನ ಗೋಡೆಯಲ್ಲಿ ಕಾರ್ಖಾನೆಯವರೇ ಮಾಡಿರುವ ತೂತುಗಳಿರುತ್ತವೆ, ಅವುಗಳಿಗೆ ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ) ಹಾಕಿರುತ್ತಾರೆ. ನಿಮ್ಮದು ಆಟೋಮ್ಯಾಟಿಕ್ ಗೇರಿನ ವಾಹನವಾಗಿದ್ದು, ಅದೇ ಮಾದರಿ ಕ್ಲಚ್ ಸಹಿತವೂ ತಯಾರಾಗುತ್ತಿದ್ದರೆ, ಕ್ಲಚ್‌ನ ಭಾಗ ಬರಬೇಕಾದ ಜಾಗದಲ್ಲಿ ಮುಚ್ಚಳ ಹಾಕಿದ ತೂತು ಖಾಲಿ ಇರುವ ಸಾಧ್ಯತೆ ಹೆಚ್ಚು. ಟಾರ್ಚ್ ಹಿಡಿದು ಮಲಗಿ, ಪೆಡಲ್‌ಗಳ ಮೇಲ್ಭಾಗದ ಗೋಡೆಯನ್ನು ನೋಡಿ. ಅದು ಸಿಗದಿದ್ದರೆ ವೈರುಗಳ ದೊಡ್ಡ ಕಟ್ಟು ಹಾದುಹೋಗುವ ಗ್ರಾಮೆಟ್‌ನ ಅಂಚಿನಲ್ಲಿ, ಕಟ್ಟಿನಿಂದ ದೂರವಾಗಿ, ದಬ್ಬಳದಿಂದ ಸಣ್ಣ ಸೀಳು ಮಾಡಿ, ಗಟ್ಟಿ ತಂತಿಯೊಂದನ್ನು ತೂರಿಸಿ, ಅದರ ತುದಿಗೆ ವೈರನ್ನು ಟೇಪಿನಿಂದ ಸುತ್ತಿ ನಿಧಾನವಾಗಿ ಎಳೆದುಕೊಳ್ಳಬೇಕು. ಸ್ವಲ್ಪ ಸಾಬೂನು ನೀರು ಹಚ್ಚಿದರೆ ವೈರು ಸಲೀಸಾಗಿ ಜಾರುತ್ತದೆ. ವೈರು ಸ್ಟೀರಿಂಗ್ ದಂಡಕ್ಕೂ ಪೆಡಲ್‌ಗಳಿಗೂ ತಾಗದಂತೆ ಕಟ್ಟಬೇಕು, ಗ್ರಾಮೆಟ್‌ಗೆ ಮುಂಚೆ ಎಂಜಿನ್ ಕಡೆಯಲ್ಲಿ ಸ್ವಲ್ಪ ಕೆಳಕ್ಕೆ ಬಾಗಿಸಿ ಬಿಟ್ಟರೆ ಮಳೆನೀರು ಒಳಗೆ ಹರಿಯದೆ ಅಲ್ಲಿಯೇ ತೊಟ್ಟಿಕ್ಕುತ್ತದೆ.

ಒಳಗೆ ಬಂದ ಮೇಲೆ ವೈರನ್ನು ಬಾಗಿಲ ಹೊಸ್ತಿಲಿನ ಪ್ಲಾಸ್ಟಿಕ್ ಪಟ್ಟಿಯ ಕೆಳಗೆ ಸಾಗಿಸಿ. ಮುಂಗಾಜಿನ ಪಕ್ಕದ ಕಂಬದೊಳಗೆ ಅಥವಾ ಚಾವಣಿಯ ಬಟ್ಟೆಯೊಳಗೆ ತುರುಕಬೇಡಿ, ಅಲ್ಲಿ ಪರದೆಯಂತೆ ಬಿಚ್ಚಿಕೊಳ್ಳುವ ಏರ್‌ಬ್ಯಾಗ್ ಇರಬಹುದು. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಅದನ್ನು ಮುಟ್ಟಬಾರದು.

ರೇಡಿಯೋದ ಮುಖಭಾಗ ಬೇರ್ಪಡುವಂತಿದ್ದರೆ ಕೆಲಸ ಹಗುರ. ಭಾರವಾದ ಪೆಟ್ಟಿಗೆಯನ್ನು ಹಿಂದಿನ ಸೀಟಿನ ಕೆಳಗೆ ಅಥವಾ ಬೆನ್ನಿಗೆ, ಜ್ಯಾಕ್ ಇರಿಸಲು ಕಾರ್ಖಾನೆಯವರು ಕೊಟ್ಟಿರುವ ಬೋಲ್ಟ್‌ಗೆ ಒಂದು ಪಟ್ಟಿಯ ಮೂಲಕ ಬಿಗಿಯಬಹುದು. ಬಿಸಿ ಹೊರಹೋಗಲು ಸುತ್ತ ಜಾಗ ಬಿಡಿ, ಕಾರ್ಪೆಟ್ಟಿನಲ್ಲಿ ಹುದುಗಿಸಬೇಡಿ. ಮುಖಭಾಗವನ್ನು ಕಪ್ ಹೋಲ್ಡರಿನೊಳಗೆ ಹಿಗ್ಗಿ ಕೂರುವ ಸ್ಟ್ಯಾಂಡಿನ ಮೇಲೆ ನಿಲ್ಲಿಸಬಹುದು. ಇಡೀ ರೇಡಿಯೋವನ್ನು ಬರಿಯ ವೆಲ್ಕ್ರೋದಿಂದ ಡ್ಯಾಶ್‌ಬೋರ್ಡ್ ಮೇಲೆ ಅಂಟಿಸುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಬಿಸಿಲಿಗೆ ಅಂಟು ಸೋಲುತ್ತದೆ, ಡಿಕ್ಕಿಯಾದಾಗ ಒಂದು ಕಿಲೋ ತೂಕದ ಲೋಹದ ಪೆಟ್ಟಿಗೆ ಕಳಚಿ ಕೂತವರಿಗೆ ಬಡಿಯಬಹುದು.

ಈಗ ಆಂಟೆನಾ. ಪಿಕಪ್‌ನ ಸರಕು ತೊಟ್ಟಿ ಕ್ಯಾಬಿನ್ನಿಗೆ ಸೇರಿದ್ದಲ್ಲ, ಚಾಸಿಯ ಮೇಲೆ ಬೇರೆಯಾಗಿ ಕೂರಿಸಿದ ಪೆಟ್ಟಿಗೆ ಅದು. ಕ್ಯಾಬಿನ್ನೂ ರಬ್ಬರ್ ದಿಂಬುಗಳ ಮೇಲೆ ಕೂತಿರುತ್ತದೆ. ತೊಟ್ಟಿಯ ಅಂಚಿಗೆ ದಪ್ಪ ಬಣ್ಣ, ಅದರ ಮೇಲೆ ರಬ್ಬರಿನಂತಹ ಲೇಪನ. ನಿಮ್ಮ ಕ್ಲ್ಯಾಂಪ್ ಆ ಲೇಪನವನ್ನು ಕಚ್ಚಿಕೊಂಡಿದೆಯೇ ಹೊರತು ಲೋಹವನ್ನು ತಾಗಿಲ್ಲ ಎಂದೇ ನನ್ನ ಅನುಮಾನ. ಕಾಲು ತರಂಗದ ಆಂಟೆನಾ, ಎಂದರೆ ಕಡ್ಡಿಯ ಉದ್ದ ರೇಡಿಯೋ ತರಂಗದ ಉದ್ದದ ಕಾಲು ಭಾಗವಿರುವ ಆಂಟೆನಾ, ತಾನು ಅರ್ಧ ಮಾತ್ರ, ಉಳಿದರ್ಧ ಅದರ ಬುಡದ ಲೋಹದ ಹರವು. 145 ಮೆಗಾಹರ್ಟ್ಸ್‌ಗೆ ಆ ಕಡ್ಡಿಯ ಉದ್ದ ಸುಮಾರು 50 ಸೆಂಟಿಮೀಟರ್, ಬುಡದ ಸುತ್ತಲೂ ಅಷ್ಟೇ ಅಗಲದ ಲೋಹ ಬೇಕು. ಇದಕ್ಕೆ ಕ್ಯಾಬಿನ್ನಿನ ಚಾವಣಿಯ ನಡುಭಾಗವನ್ನು ಮೀರಿಸಿದ ಜಾಗವಿಲ್ಲ. ಮ್ಯಾಗ್ನೆಟ್ ಮೌಂಟ್ (ಆಯಸ್ಕಾಂತದಿಂದ ತಗಡಿಗೆ ಹಿಡಿದುಕೊಳ್ಳುವ ಆಂಟೆನಾ ಬುಡ) ಆದರೆ ಬಣ್ಣ ಕೆರೆಯುವ ಅಗತ್ಯವೂ ಬೀಳುವುದಿಲ್ಲ, ಏಕೆಂದರೆ ಅದರ ಅಗಲವಾದ ಬುಡವೂ ಚಾವಣಿಯ ತಗಡೂ ಬಣ್ಣದ ತೆಳು ಪದರವನ್ನು ನಡುವೆ ಇಟ್ಟುಕೊಂಡು ಕೆಪಾಸಿಟರಿನಂತೆ ವರ್ತಿಸಿ, ಈ ಆವರ್ತನಗಳಲ್ಲಿ ಸಂಪರ್ಕವನ್ನು ಒದಗಿಸುತ್ತವೆ. ಆದರೆ ಮ್ಯಾಗ್ನೆಟ್‌ನ ಕೆಳಗೆ ಧೂಳು ಸೇರಿದರೆ ಅದೇ ಮರಳು ಕಾಗದವಾಗಿ ಬಣ್ಣವನ್ನು ಉಜ್ಜುತ್ತದೆ. ಲೀಸಿನ ವಾಹನಕ್ಕೆ ಇದು ಸಣ್ಣ ಮಾತಲ್ಲ. ಆಗಾಗ ಎತ್ತಿ ಎರಡೂ ಮೈಗಳನ್ನು ಒರೆಸಬೇಕು, ಜಾರಿಸದೆ ಎತ್ತಬೇಕು.

ಮ್ಯಾಗ್ನೆಟ್ ಬೇಡವೆಂದರೆ ನನ್ನ ಆಯ್ಕೆ ಬಾನೆಟ್ ಪಕ್ಕದ ಫೆಂಡರಿಗೆ, ಎಂದರೆ ಮುಂಚಕ್ರದ ಮೇಲಿನ ತಗಡಿಗೆ, ಬಿಗಿಯುವ ಬ್ರ್ಯಾಕೆಟ್. ಬಾನೆಟ್ ಎತ್ತಿದರೆ ಫೆಂಡರಿನ ಒಳ ಅಂಚಿನಲ್ಲಿ ಸಾಲಾಗಿ ಬೋಲ್ಟ್‌ಗಳು ಕಾಣುತ್ತವೆ. ಅವುಗಳಲ್ಲಿ ಒಂದನ್ನು ಬಿಚ್ಚಿ, ಬ್ರ್ಯಾಕೆಟ್ ಇಟ್ಟು, ಅದೇ ಬೋಲ್ಟನ್ನು ಮತ್ತೆ ಬಿಗಿದರೆ ಆಂಟೆನಾದ ಬುಡ ಬಾನೆಟ್ಟಿನ ಸಂದಿಯಿಂದ ಹೊರಗೆ ಬರುತ್ತದೆ. ಬೋಲ್ಟಿನ ತಲೆಯ ಕೆಳಗೆ, ಹೊರಗೆ ಕಾಣದ ಜಾಗದಲ್ಲಿ, ಉಗುರಿನಗಲ ಬಣ್ಣ ತೆಗೆದು ತಗಡು ಹೊಳೆಯುವಂತೆ ಮಾಡಬೇಕು. ಮೂಲೆಯಲ್ಲಿ ನಿಂತ ಆಂಟೆನಾ ಎಲ್ಲ ದಿಕ್ಕಿಗೂ ಸಮನಾಗಿ ಕಳುಹಿಸುವುದಿಲ್ಲ. ಮುಂಭಾಗದ ಎಡ ಫೆಂಡರಿನಲ್ಲಿದ್ದರೆ ಹಿಂದಿನ ಬಲ ದಿಕ್ಕಿಗೆ, ಎಂದರೆ ಲೋಹ ಹೆಚ್ಚಿರುವ ಕಡೆಗೆ, ಸ್ವಲ್ಪ ಬಲವಾಗಿ ಹೋಗುತ್ತದೆ. ದಿನನಿತ್ಯದ ಬಳಕೆಗೆ ಅದು ಅಡ್ಡಿಯಾಗದು.

ಮರುಪ್ರಶ್ನೆ:
ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಮ್ಯಾಗ್ನೆಟ್ ನನ್ನ ವಾಹನದ ಚಾವಣಿಗೆ ಹಿಡಿಯುತ್ತಲೇ ಇಲ್ಲ. ಮಲ್ಟಿಮೀಟರಿನ ಒಂದು ಮೊನೆಯನ್ನು ತೊಟ್ಟಿಯ ಅಂಚಿನಲ್ಲಿರುವ ಕ್ಲ್ಯಾಂಪಿಗೂ ಇನ್ನೊಂದನ್ನು ಕ್ಯಾಬಿನ್ನಿನ ಬಾಗಿಲ ಬೋಲ್ಟಿಗೂ ಇಟ್ಟು ನೋಡಿದೆ, ಸಂಪರ್ಕವೇ ತೋರಿಸಲಿಲ್ಲ. ಫೆಂಡರ್ ಬ್ರ್ಯಾಕೆಟ್ ಹಾಕುತ್ತೇನೆ. ಆದರೆ ಬಣ್ಣ ತೆಗೆಯಲು ಮನಸ್ಸು ಒಪ್ಪುತ್ತಿಲ್ಲ. ಹಾಗೆಯೇ, ನೆಗೆಟಿವ್ ವೈರಿನ ಬಗ್ಗೆ ನೀವು ಏನೂ ಹೇಳಲಿಲ್ಲ. ಅದನ್ನೂ ಬ್ಯಾಟರಿಗೇ ಕೊಡಬೇಕೆ?

ಉತ್ತರ:
ಮ್ಯಾಗ್ನೆಟ್ ಹಿಡಿಯದಿದ್ದರೆ ನಿಮ್ಮ ಚಾವಣಿ ಅಲ್ಯೂಮಿನಿಯಂನದ್ದಿರಬೇಕು. ಫೋರ್ಡ್ ಎಫ್-150 ವಾಹನವು 2015ರ ಮಾದರಿಯಿಂದ ಅಲ್ಯೂಮಿನಿಯಂ ಬಾಡಿಯಲ್ಲೇ ಬರುತ್ತಿದೆ. ಮ್ಯಾಗ್ನೆಟ್‌ಗೆ ಅದು ಆಗದಿದ್ದರೂ ಆಂಟೆನಾಗೆ ಅರ್ಥಿಂಗ್ ಆಗಿ ಉಕ್ಕಿನಷ್ಟೇ ಚೆನ್ನಾಗಿ ಒದಗುತ್ತದೆ. ಆದರೆ ಅಲ್ಯೂಮಿನಿಯಂ ಮೇಲೆ ಉಕ್ಕಿನ ಬ್ರ್ಯಾಕೆಟ್ ಕೂತು ನಡುವೆ ನೀರು ಸೇರಿದರೆ ಅಲ್ಯೂಮಿನಿಯಂ ಸವೆಯತೊಡಗುತ್ತದೆ. ಆದ್ದರಿಂದ ಬಿಗಿದ ಮೇಲೆ ಸುತ್ತಲೂ ಸಿಲಿಕೋನ್ ಗ್ರೀಸ್ ಹಚ್ಚುವುದನ್ನು ಮರೆಯಬೇಡಿ.

ಬಣ್ಣದ ಬಗ್ಗೆ ನಿಮ್ಮ ಅಳುಕು ನನಗೆ ಅರ್ಥವಾಗುತ್ತದೆ. ಇದನ್ನು ಹೀಗೆ ಮಾಡಿ: ಬೋಲ್ಟ್ ಬಿಚ್ಚಿದ ಮೇಲೆ ಸುತ್ತಲಿನ ಬಣ್ಣಕ್ಕೆ ಟೇಪ್ ಅಂಟಿಸಿ, ವಾಷರಿನಡಿ ಮುಚ್ಚಿಹೋಗುವಷ್ಟೇ ಜಾಗವನ್ನು ಎಮರಿ ಕಾಗದದ ಸಣ್ಣ ತುಂಡಿನಿಂದ ಉಜ್ಜಿ. ಬೂದು ಪ್ರೈಮರ್ ಕಂಡಾಗ ಅನೇಕರು ಲೋಹವೆಂದು ತಿಳಿದು ನಿಲ್ಲಿಸುತ್ತಾರೆ. ಅದು ಲೋಹವಲ್ಲ, ಇನ್ನೂ ಉಜ್ಜಬೇಕು. ಹೊಳಪು ಬಂದ ಮೇಲೆ ಹಲ್ಲುಳ್ಳ ವಾಷರ್ ಇಟ್ಟು ಬೋಲ್ಟ್ ಬಿಗಿಯಿರಿ. ನಂತರ ಬ್ರ್ಯಾಕೆಟ್‌ನಿಂದ ಬ್ಯಾಟರಿಯ ನೆಗೆಟಿವ್ ವೈರು ಬಾಡಿಗೆ ಸೇರುವ ಬೋಲ್ಟಿನವರೆಗೆ ಮಲ್ಟಿಮೀಟರ್ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಈ ಒಂದು ಅಳತೆಯನ್ನು ನೋಡದೆ ನಾನು ಯಾವ ವಾಹನವನ್ನೂ ಹಿಂದಿರುಗಿಸುವುದಿಲ್ಲ.

ನೆಗೆಟಿವ್ ವೈರಿನ ವಿಷಯದಲ್ಲಿ ಹಳೆಯ ಕೈಪಿಡಿಗಳು ಎರಡೂ ವೈರುಗಳನ್ನು ಬ್ಯಾಟರಿಗೆ ಕೊಟ್ಟು ಎರಡರಲ್ಲೂ ಫ್ಯೂಸ್ ಹಾಕಲು ಹೇಳುತ್ತಿದ್ದವು. ಎಂಜಿನ್ನಿನ ದಪ್ಪ ಅರ್ಥ್ ಪಟ್ಟಿ ಕಳಚಿದರೆ ಸ್ಟಾರ್ಟರಿನ ಕರೆಂಟೆಲ್ಲ ರೇಡಿಯೋದ ನೆಗೆಟಿವ್ ವೈರಿನ ಮೂಲಕ ದಾರಿ ಹುಡುಕುವ ಅಪಾಯ ಇರುವುದರಿಂದಲೇ ಆ ಎರಡನೆಯ ಫ್ಯೂಸ್. ಈಗಿನ ಅನೇಕ ವಾಹನಗಳಲ್ಲಿ ಬ್ಯಾಟರಿಯ ನೆಗೆಟಿವ್ ತುದಿಯ ಮೇಲೆ ಬೆಂಕಿಪೊಟ್ಟಣದಷ್ಟು ಚಿಕ್ಕ ಸೆನ್ಸರ್ ಕೂತಿದ್ದು, ಬ್ಯಾಟರಿಯಿಂದ ಎಷ್ಟು ಕರೆಂಟ್ ಹೋಯಿತು, ಎಷ್ಟು ಬಂತು ಎಂಬ ಲೆಕ್ಕವನ್ನು ಇಡುತ್ತದೆ. ನಿಮ್ಮ ವೈರನ್ನು ನೇರವಾಗಿ ತುದಿಗೇ ಕೊಟ್ಟರೆ ರೇಡಿಯೋ ಎಳೆಯುವ ಕರೆಂಟ್ ಆ ಲೆಕ್ಕಕ್ಕೆ ಸಿಗುವುದಿಲ್ಲ, ಚಾರ್ಜಿಂಗ್ ತಪ್ಪುತ್ತದೆ. ಆದ್ದರಿಂದ ಬ್ಯಾಟರಿಯ ನೆಗೆಟಿವ್ ವೈರು ಬಾಡಿಗೆ ಸೇರುವ ಆ ಬೋಲ್ಟಿಗೆ ನಿಮ್ಮದನ್ನೂ ಸೇರಿಸಿ.

ಇನ್ನೊಬ್ಬ ಸದಸ್ಯರ ಪ್ರಶ್ನೆ:
ಆಂಟೆನಾದ ಕೇಬಲನ್ನು ಬಾಗಿಲ ಸಂದಿಯಿಂದ ತಂದಿದ್ದೇನೆ. ಮೊದಲ ಕೆಲವು ತಿಂಗಳು ಸರಿಯಾಗಿದ್ದದ್ದು ಈಗ ಮಳೆ ಬಂದಾಗ ಕೆಡುತ್ತಿದೆ. ಇದಕ್ಕೆ ಪರಿಹಾರವಿದೆಯೇ?

ಉತ್ತರ:
ಬಾಗಿಲು ಪ್ರತಿ ಸಲ ಮುಚ್ಚಿದಾಗಲೂ ಕೇಬಲನ್ನು ಜಜ್ಜುತ್ತದೆ. ಹೊರಗಿನ ಪ್ಲಾಸ್ಟಿಕ್ ಹೊದಿಕೆ ಸೀಳಿದ ಮೇಲೆ ತಾಮ್ರದ ಹೆಣಿಗೆ ನೀರನ್ನು ಬತ್ತಿಯಂತೆ ಒಳಕ್ಕೆ ಎಳೆಯುತ್ತದೆ. ಹೊದಿಕೆಯನ್ನು ಕತ್ತರಿಸಿ ನೋಡಿ, ಹೆಣಿಗೆ ಕಪ್ಪಾಗಿದ್ದರೆ ಆ ಕೇಬಲ್ ಮತ್ತೆ ಸರಿಹೋಗದು, ಬದಲಾಯಿಸಲೇಬೇಕು. ಆರ್‌ಜಿ-58 ಕೇಬಲ್ ಬಾಗಿಲ ಸಂದಿಗೆ ದಪ್ಪವಾಯಿತು. ಸಂದಿ ದಾಟುವ ಅರ್ಧ ಮೀಟರ್ ಮಾತ್ರ ಆರ್‌ಜಿ-316ರಂತಹ ತೆಳುವಾದ ಕೇಬಲ್ ಇರುವ ಜೋಡಣೆಗಳು ಸಿಗುತ್ತವೆ. ತೆಳು ಕೇಬಲಿನಲ್ಲಿ ನಷ್ಟ ಹೆಚ್ಚಾದರೂ ಅಷ್ಟು ಗಿಡ್ಡ ತುಂಡಿನಲ್ಲಿ ಅದು ಲೆಕ್ಕಕ್ಕೆ ಬಾರದು. ಸಂದಿಯ ಮೇಲಂಚಿನ ಬದಲು ಹಿಂಬಾಗಿಲಿನ ಕೀಲಿನ ಕಡೆಯಿಂದ, ರಬ್ಬರ್ ಮೆತ್ತಗಿರುವಲ್ಲಿ, ತನ್ನಿ. ಫೆಂಡರ್ ಬ್ರ್ಯಾಕೆಟ್ ಆದರೆ ಈ ಗೋಜೇ ಇಲ್ಲ, ಕೇಬಲ್ ಕೂಡ ಆ ಗ್ರಾಮೆಟ್‌ನಲ್ಲೇ ಒಳಗೆ ಬರುತ್ತದೆ. ನಾನು ಫೆಂಡರನ್ನು ಇಷ್ಟಪಡುವುದಕ್ಕೆ ಇದೂ ಒಂದು ಕಾರಣ.

ಮೊದಲ ಪ್ರಶ್ನಿಗರು:
ನೀವು ಹೇಳಿದಂತೆಯೇ ಮಾಡಿದೆ. ಮಲ್ಟಿಮೀಟರ್ 0.3 ಓಮ್ ತೋರಿಸುತ್ತಿದೆ, ಪರದೆ ಮಂಕಾಗುವುದು ನಿಂತಿದೆ. ಬಳಸಲು ಆರಂಭಿಸುವ ಮೊದಲು ಇನ್ನೇನಾದರೂ ಪರೀಕ್ಷಿಸಬೇಕೆ? ಕೊನೆಗೆ ವಾಹನ ಹಿಂದಿರುಗಿಸುವಾಗ ಏನು ಮಾಡಬೇಕು?

ಉತ್ತರ:
0.3 ಓಮ್ ಚೆನ್ನಾಗಿದೆ. ಮೀಟರಿನ ಮೊನೆಗಳನ್ನೇ ಒಂದಕ್ಕೊಂದು ತಾಗಿಸಿದರೂ ಅದು 0.1 ಅಥವಾ 0.2 ತೋರಿಸಬಹುದು. ಈಗ ಎಸ್‌ಡಬ್ಲ್ಯುಆರ್ ಮೀಟರ್ (ಆಂಟೆನಾಗೆ ಕಳುಹಿಸಿದ ಶಕ್ತಿ ಎಷ್ಟರ ಮಟ್ಟಿಗೆ ಮರಳಿ ಬರುತ್ತಿದೆ ಎಂದು ತೋರಿಸುವ ಸಾಧನ) ಹಾಕಿ, ಬಾನೆಟ್ ಮುಚ್ಚಿ, ಬಾಗಿಲುಗಳನ್ನು ಮುಚ್ಚಿ, ಬಯಲಿನಲ್ಲಿ ನಿಂತು ಕಡಿಮೆ ಶಕ್ತಿಯಲ್ಲಿ ಅಳೆಯಿರಿ. 1.5ರ ಒಳಗಿದ್ದರೆ ತೃಪ್ತಿಪಡಬಹುದು, 2 ದಾಟಿದರೆ ಪೂರ್ಣ ಶಕ್ತಿಯಲ್ಲಿ ಮಾತನಾಡಬೇಡಿ. ನೀವು ಬಳಸುವ ಆವರ್ತನಗಳ ಬ್ಯಾಂಡಿನ ಕೆಳತುದಿಗಿಂತ ಮೇಲ್ತುದಿಯಲ್ಲಿ ಅಂಕಿ ಹೆಚ್ಚಿದ್ದರೆ ಕಡ್ಡಿ ಉದ್ದವಾಗಿದೆ ಎಂದರ್ಥ, ಒಮ್ಮೆಗೆ 2 ಮಿಲಿಮೀಟರ್‌ಗಿಂತ ಹೆಚ್ಚು ಕತ್ತರಿಸದೆ ಮತ್ತೆ ಅಳೆಯಿರಿ. ನಂತರ ಎಂಜಿನ್ ಚಾಲನೆಯಲ್ಲಿಟ್ಟು, ವಾಹನ ನಿಂತಿರುವಂತೆಯೇ, ಪೂರ್ಣ ಶಕ್ತಿಯಲ್ಲಿ ಬಟನ್ ಒತ್ತಿ ಡ್ಯಾಶ್‌ಬೋರ್ಡಿನ ದೀಪಗಳನ್ನು ಗಮನಿಸಿ. ಎಂಜಿನ್ ಸದ್ದು ಬದಲಾಗಬಾರದು, ಎಚ್ಚರಿಕೆಯ ದೀಪ ಬೆಳಗಬಾರದು, ವೈಪರ್ ತಾನಾಗಿ ಅಲುಗಬಾರದು. ಏನಾದರೂ ಕಂಡರೆ ಆಂಟೆನಾ ಕೇಬಲನ್ನು ವಾಹನದ ವೈರುಗಳ ಕಟ್ಟಿನಿಂದ ದೂರ ಸರಿಸಿ, ರೇಡಿಯೋದ ಎರಡೂ ಕೇಬಲ್‌ಗಳಿಗೆ ಫೆರೈಟ್ ಉಂಗುರ (ಬೇಡದ ರೇಡಿಯೋ ಸಂಕೇತಗಳನ್ನು ತಡೆಯುವ ಉಂಗುರ) ಹಾಕಿ. ಬಾನೆಟ್ ತೆರೆದು ಕೆಲಸ ಮಾಡುವವರು ಆಂಟೆನಾದ ಪಕ್ಕದಲ್ಲಿರುವಾಗ ಬಟನ್ ಒತ್ತಬೇಡಿ.

ಹಿಂದಿರುಗಿಸುವಾಗ ಮೊದಲು ಬ್ಯಾಟರಿಯ ಬಳಿಯ ಫ್ಯೂಸ್ ತೆಗೆಯಿರಿ, ಆಮೇಲೆ ವೈರು ಎಳೆಯಿರಿ. ಬೋಲ್ಟಿನಡಿ ಬಣ್ಣ ತೆಗೆದ ಜಾಗಕ್ಕೆ ಪ್ರೈಮರ್, ಅದರ ಮೇಲೆ ವಾಹನದ ಬಣ್ಣದ ಟಚ್‌ಅಪ್ ಹಚ್ಚಿ, ಒಣಗಿದ ಮೇಲೆ ಅದೇ ಬೋಲ್ಟ್ ಹಾಕಿ. ಸೀಳಿದ ಗ್ರಾಮೆಟ್ ಅನ್ನು ಸೀಲಂಟ್ ತುಂಬಿ ಮುಚ್ಚಬಹುದು. ಕ್ಲಚ್ ಜಾಗದ ಮುಚ್ಚಳವನ್ನು ನೀವು ಬಳಸಿದ್ದರೆ ವೈರು ಹಾಯಿಸಲು ಹೊಸ ಮುಚ್ಚಳವನ್ನೇ ಈಗಲೇ ತಂದು ಹಾಕಿ, ಮೂಲದ್ದನ್ನು ಕೊನೆಗೆ ಮತ್ತೆ ಕೂರಿಸಲು ಡ್ಯಾಶ್‌ಬೋರ್ಡಿನ ಗ್ಲೋವ್ ಬಾಕ್ಸಿನಲ್ಲಿ ಜೋಪಾನವಾಗಿ ಇಟ್ಟುಕೊಳ್ಳಿ.